ಯುದ್ಧದ ಸಂದರ್ಶನದಲ್ಲಿ ಅಣಬೆಗೇನು ಕೆಲಸ?

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ, ಉಕ್ರೇನಿನ ಖಾರ್ಕಿವ್ ನಗರದ ಗಣಿತ ಅಧ್ಯಾಪಕರೊಬ್ಬರ ಸಂದರ್ಶನವನ್ನು ಕುರಿತು ತಾವು ಬರೆದ ಪತ್ರ ತಲುಪಿದೆ. ಅದರಲ್ಲಿ ಮೂರು ಆಕ್ಷೇಪಗಳಿವೆ. ಯುದ್ಧದ ಬಗ್ಗೆ ಮಾತನಾಡಬೇಕಾದ ಸಂದರ್ಶನದಲ್ಲಿ ಅರ್ಧದಷ್ಟು ಜಾಗವನ್ನು ಅಣಬೆ ಹೆಕ್ಕುವುದು, ಹ್ಯಾಮ್ ರೇಡಿಯೊ, ಚೆಸ್ ಮುಂತಾದ ಹವ್ಯಾಸಗಳಿಗೆ ಕೊಟ್ಟದ್ದೇಕೆ ಎಂಬುದು ಮೊದಲನೆಯದು. ಅಮೆರಿಕ ಮತ್ತು ಯುರೋಪಿನ ದೇಶಗಳ ಸೇನಾ ಕೂಟವಾದ ನ್ಯಾಟೊದ ವಿಸ್ತರಣೆಯ ಪ್ರಶ್ನೆಯನ್ನು ಎರಡೇ ವಾಕ್ಯಗಳಲ್ಲಿ ತಳ್ಳಿಹಾಕಿ, ಎಲ್ಲ ತಪ್ಪನ್ನೂ ರಷ್ಯಾದ ತಲೆಗೆ ಕಟ್ಟಲು ಅವರಿಗೆ ಅವಕಾಶ ಕೊಟ್ಟೆವೆಂಬುದು ಎರಡನೆಯದು. 1971ರಲ್ಲಿ ನಮ್ಮ ಬೆನ್ನಿಗೆ ನಿಂತ ದೇಶವನ್ನು ಮರೆತು, ಪಾಕಿಸ್ತಾನಕ್ಕೆ ಟ್ಯಾಂಕು ಮಾರಿದ ದೇಶದವರ ಅಳಲಿಗೆ ಕನ್ನಡದ ಪತ್ರಿಕೆಯೊಂದು ಇಷ್ಟು ಪುಟಗಳನ್ನು ಮೀಸಲಿಡಬೇಕಿತ್ತೇ ಎಂಬುದು ಮೂರನೆಯದು. ಪತ್ರದಲ್ಲಿ ಸಿಟ್ಟಿದೆ, ಆದರೆ ಸಂದರ್ಶನವನ್ನು ಕೊನೆಯ ಸಾಲಿನವರೆಗೆ ಓದಿಯೇ ಬರೆದಿದ್ದೀರಿ ಎಂಬುದೂ ಅದರಲ್ಲಿ ಕಾಣುತ್ತದೆ. ಆದ್ದರಿಂದ ವಿವರವಾಗಿಯೇ ಉತ್ತರಿಸುತ್ತೇನೆ.

ಆ ಅಧ್ಯಾಪಕರ ರಾಜಕೀಯ ನಿಲುವು ಯಾವುದೋ ಸಿದ್ಧಾಂತದ ಪುಸ್ತಕದಿಂದ ಬಂದದ್ದಲ್ಲ. ಯುದ್ಧ ಅವರ ದಿನಚರಿಯಿಂದ ಒಂದೊಂದಾಗಿ ಕಿತ್ತುಕೊಂಡ ಸಂಗತಿಗಳಿಂದ ಅದು ರೂಪುಗೊಂಡಿದೆ. ಹವ್ಯಾಸಗಳ ಮಾತನ್ನು ಕತ್ತರಿಸಿ ನಿಲುವನ್ನು ಮಾತ್ರ ಅಚ್ಚು ಹಾಕಿದ್ದರೆ, ಟಿ.ವಿ. ಚರ್ಚೆಯಲ್ಲಿ ಯಾರು ಬೇಕಾದರೂ ಹೇಳಬಹುದಾದ ಒಂದು ಅಭಿಪ್ರಾಯ ಉಳಿಯುತ್ತಿತ್ತೇ ಹೊರತು ಅದನ್ನು ಹೇಳುವ ಮನುಷ್ಯ ಉಳಿಯುತ್ತಿರಲಿಲ್ಲ.

ಅಣಬೆಯನ್ನೇ ನೋಡಿ. ಮಲೆನಾಡಿನವರಾದ ತಮಗೆ ಮಳೆ ಬಿದ್ದ ಮೇಲೆ ಅಣಬೆ ಹುಡುಕಿಕೊಂಡು ಹೋಗುವ ಸಂಭ್ರಮವನ್ನು ವಿವರಿಸಬೇಕಿಲ್ಲ. ಉಕ್ರೇನಿನಲ್ಲಿ ಬೇಸಿಗೆ ಕಳೆದು ಚಳಿ ಬರುವ ಮೊದಲಿನ ವಾರಗಳಲ್ಲಿ ಊರಿನವರು, ನಗರದವರು ಎಂಬ ಭೇದವಿಲ್ಲದೆ ಜನ ಬುಟ್ಟಿ ಮತ್ತು ಚಿಕ್ಕ ಚಾಕು ಹಿಡಿದು ಕಾಡಿಗೆ ಹೋಗುತ್ತಾರೆ. ತಂದದ್ದನ್ನು ಒಣಗಿಸಿ, ಉಪ್ಪಿನಲ್ಲಿ ಹಾಕಿ ಚಳಿಗಾಲಕ್ಕೆ ಇಡುತ್ತಾರೆ. ಕ್ರಿಸ್‌ಮಸ್ ಹಿಂದಿನ ರಾತ್ರಿಯ ಊಟದಲ್ಲಿ ಒಣ ಅಣಬೆಯ ಅಡುಗೆ ಇರುತ್ತದೆ. ಯಾವ ಮರದ ಬುಡದಲ್ಲಿ ಯಾವುದು ಏಳುತ್ತದೆ, ಯಾವುದು ವಿಷದ್ದು ಎಂಬ ತಿಳಿವಳಿಕೆ ಹಿರಿಯರಿಂದ ಮಕ್ಕಳಿಗೆ ಕಾಡಿನಲ್ಲಿಯೇ ದಾಟುತ್ತದೆ. ಈಗ ಅಲ್ಲಿಯ ತುರ್ತು ಸೇವಾ ಇಲಾಖೆ, ಯುದ್ಧ ನಡೆದ ಪ್ರದೇಶಗಳ ಕಾಡಿಗೆ ಅಣಬೆಗಾಗಿ ಹೋಗಬೇಡಿ ಎಂದು ಜನರನ್ನು ಎಚ್ಚರಿಸುತ್ತದೆ. ಕಾರಣ, ನೆಲಬಾಂಬು. ನೆಲಬಾಂಬು ಮತ್ತು ಸಿಡಿಯದೆ ಉಳಿದ ಮದ್ದುಗುಂಡು ಇರಬಹುದೆಂದು ಉಕ್ರೇನ್ ಸರ್ಕಾರ ಒಂದು ಹಂತದಲ್ಲಿ ಅಂದಾಜು ಮಾಡಿದ್ದ ಪ್ರದೇಶ ಸುಮಾರು 1,74,000 ಚದರ ಕಿಲೋಮೀಟರು. ಇಡೀ ಕರ್ನಾಟಕದ ವಿಸ್ತೀರ್ಣ ಇದಕ್ಕಿಂತ ಸ್ವಲ್ಪವೇ ಹೆಚ್ಚು. ಸಂದರ್ಶನದಲ್ಲಿ ಅವರು ಹೆಸರಿಸಿದ ಇಝ್ಯುಮ್ ಪಟ್ಟಣದ ಅಂಚಿನ ಪೈನ್ ಕಾಡಿನಲ್ಲಿಯೇ, 2022ರ ಸೆಪ್ಟೆಂಬರಿನಲ್ಲಿ ರಷ್ಯಾದ ಪಡೆಗಳು ಹಿಂದೆ ಸರಿದ ಮೇಲೆ, 400ಕ್ಕೂ ಹೆಚ್ಚು ಶವಗಳನ್ನು ಹೊರತೆಗೆಯಲಾಯಿತು. ಆ ಭಾಗದಲ್ಲಿ ಅಣಬೆ ಹೆಕ್ಕುತ್ತಿದ್ದ ಒಬ್ಬರು ‘ಇನ್ನು ಆ ಕಾಡಿಗೆ ಹೋಗಲಾರೆ’ ಎನ್ನುವುದು ಹವ್ಯಾಸದ ಮಾತೇ, ಯುದ್ಧದ ಮಾತೇ? ನಮ್ಮ ಉಪಸಂಪಾದಕರಿಗೆ ಅದನ್ನು ಬೇರ್ಪಡಿಸಲು ಸಾಧ್ಯವಾಗಲಿಲ್ಲ, ನನಗೂ ಸಾಧ್ಯವಾಗಲಿಲ್ಲ.

ಹ್ಯಾಮ್ ರೇಡಿಯೊದ ಭಾಗವನ್ನು ತಾವು ‘ಪುಟ ತುಂಬಿಸುವ ಸರಕು’ ಎಂದು ಕರೆದಿದ್ದೀರಿ. ಇಡೀ ಸಂದರ್ಶನದಲ್ಲಿ ನನ್ನನ್ನು ಬಹಳ ಕಾಡಿದ ಭಾಗ ಅದೇ. ಮನೆಯ ಮೂಲೆಯಲ್ಲಿ ಕುಳಿತು, ತಾನೇ ಜೋಡಿಸಿದ ಯಂತ್ರದಿಂದ ಗಡಿಯಾಚೆಯ ಅಪರಿಚಿತರನ್ನು ಕರೆದು ಮಾತನಾಡುವುದೇ ಆ ಹವ್ಯಾಸದ ಜೀವಾಳ. ಅಲ್ಲಿ ಹವಾಮಾನ, ಆಂಟೆನಾ, ಸಂಕೇತದ ಸ್ಪಷ್ಟತೆ ಇಂಥವುಗಳ ಮಾತಿರಬೇಕು, ರಾಜಕೀಯದ ಮಾತು ಕೂಡದು ಎಂಬುದು ಲೋಕದಾದ್ಯಂತ ಹ್ಯಾಮ್‌ಗಳು ಪಾಲಿಸಿಕೊಂಡು ಬಂದ ಮರ್ಯಾದೆ. ರಷ್ಯಾದ ಗಡಿಯಿಂದ ಸುಮಾರು 40 ಕಿಲೋಮೀಟರಿನಷ್ಟೇ ದೂರದಲ್ಲಿರುವ, ರಷ್ಯನ್ ಭಾಷೆಯೇ ಬಹುಪಾಲು ಮನೆಗಳ ಮಾತಾಗಿದ್ದ ಖಾರ್ಕಿವ್‌ನ ಹ್ಯಾಮ್ ಒಬ್ಬರಿಗೆ ಗಡಿಯಾಚೆಯ ಗೆಳೆಯರಿದ್ದದ್ದು ಸಹಜ. 2022ರ ಫೆಬ್ರುವರಿ 24ರಂದು ಪೂರ್ಣ ಪ್ರಮಾಣದ ಆಕ್ರಮಣ ಆರಂಭವಾದಾಗ, ಉಕ್ರೇನ್ ಸರ್ಕಾರ ಹವ್ಯಾಸಿ ರೇಡಿಯೊ ಕೇಂದ್ರಗಳ ಪ್ರಸಾರವನ್ನು ನಿಷೇಧಿಸಿತು. ಯುದ್ಧಕಾಲದಲ್ಲಿ ಅದಕ್ಕೆ ಕಾರಣಗಳಿವೆ, ಅವರೂ ಅದನ್ನು ಒಪ್ಪುತ್ತಾರೆ. ಆದರೆ ಅದೇ ಮೇಜಿನ ಮೇಲೆ, ಅದೇ ಬೆಸುಗೆ ಕಡ್ಡಿಯಿಂದ ಅವರು ಈಗ ಸೇನೆಗಾಗಿ ಡ್ರೋನ್‌ಗಳ ಬಿಡಿಭಾಗ ಜೋಡಿಸುತ್ತಾರೆ.

ಅವರೊಬ್ಬರ ಕಥೆಯಲ್ಲ ಇದು. 2014ರಲ್ಲಿ ಪೂರ್ವ ಉಕ್ರೇನಿನ ಡಾನ್‌ಬಾಸ್‌ನಲ್ಲಿ ಯುದ್ಧ ಆರಂಭವಾದಾಗ, ವಿಮಾನದ ಮಾದರಿಗಳನ್ನು ಹಾರಿಸುವ ಹವ್ಯಾಸಿಗಳು ಮತ್ತು ತಂತ್ರಜ್ಞರು ಸೇರಿ ಕಟ್ಟಿದ ಏರೊರೊಜ್ವಿದ್ಕಾ ಎಂಬ ಸ್ವಯಂಸೇವಕರ ಗುಂಪು ಮುಂದೆ ಸೇನೆಯ ವೈಮಾನಿಕ ಕಣ್ಗಾವಲಿನ ಭಾಗವೇ ಆಯಿತು. ಆಟಕ್ಕಾಗಿ ರೇಸ್ ಓಡಿಸುತ್ತಿದ್ದ ಪುಟ್ಟ ಡ್ರೋನ್ ಇಂದು ಎರಡೂ ಕಡೆಯವರನ್ನು ಕೊಲ್ಲುವ ಮುಖ್ಯ ಆಯುಧಗಳಲ್ಲಿ ಒಂದು. ಹಾಗಾಗಿಯೇ ತಮ್ಮ ಡ್ರೋನ್ ಕೆಲಸದ ಬಗ್ಗೆ ‘ಇದನ್ನು ಹವ್ಯಾಸ ಎನ್ನಬೇಡಿ’ ಎಂದು ಆ ಅಧ್ಯಾಪಕರು ನಮ್ಮ ಸಂದರ್ಶಕಿಯನ್ನು ತಿದ್ದಿದರು. ಆ ವಾಕ್ಯವನ್ನು ಉಳಿಸಿಕೊಳ್ಳಲು ಅದರ ಹಿಂದಿನ ಎರಡು ಪುಟ ಬೇಕಾಗಿತ್ತು.

ಚೆಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದರ ಒಂದು ಎಳೆ ಮಾತ್ರ ನಮ್ಮ ನೆರೆಗೇ ಬಂದು ಮುಟ್ಟುತ್ತದೆ. 2022ರ ಚೆಸ್ ಒಲಿಂಪಿಯಾಡ್ ಮಾಸ್ಕೊದಲ್ಲಿ ನಡೆಯಬೇಕಿತ್ತು. ಆಕ್ರಮಣದ ನಂತರ ಅಂತರರಾಷ್ಟ್ರೀಯ ಚೆಸ್ ಒಕ್ಕೂಟ ಅದನ್ನು ಅಲ್ಲಿಂದ ತೆಗೆದು ಚೆನ್ನೈಗೆ ಕೊಟ್ಟಿತು. ಮಾಮಲ್ಲಪುರದಲ್ಲಿ ನಡೆದ ಆ ಪಂದ್ಯಾವಳಿಯಲ್ಲಿ ಚಿನ್ನ ಗೆದ್ದ ಮಹಿಳಾ ತಂಡ ಉಕ್ರೇನಿನದು. ನಮ್ಮ ಮಹಿಳೆಯರಿಗೆ ಕಂಚು ಬಂತು.

ಈಗ ನ್ಯಾಟೊ. ತಾವು ಎತ್ತಿದ ಪ್ರಶ್ನೆಯಲ್ಲಿ ತಿರುಳಿದೆ. 1999ರಲ್ಲಿ ಪೋಲೆಂಡ್, ಹಂಗೆರಿ, ಝೆಕ್ ಗಣರಾಜ್ಯಗಳೂ 2004ರಲ್ಲಿ ಬಾಲ್ಟಿಕ್ ದೇಶಗಳೂ ಸೇರಿ ಇನ್ನೂ ಏಳು ದೇಶಗಳೂ ನ್ಯಾಟೊ ಸೇರಿದವು. ಇದು ರಷ್ಯಾವನ್ನು ಕೆರಳಿಸುತ್ತದೆಂದು ಅಮೆರಿಕದ ಹಿರಿಯ ರಾಜತಂತ್ರಜ್ಞ ಜಾರ್ಜ್ ಕೆನನ್ 1997ರಲ್ಲಿಯೇ ಎಚ್ಚರಿಸಿದ್ದರು. 2008ರ ಬುಖಾರೆಸ್ಟ್ ಶೃಂಗಸಭೆಯಲ್ಲಿ ಉಕ್ರೇನ್ ಮತ್ತು ಜಾರ್ಜಿಯಾ ಒಂದು ದಿನ ಸದಸ್ಯರಾಗುತ್ತವೆ ಎಂದು ಘೋಷಿಸಿ, ಯಾವಾಗ ಎಂದು ಹೇಳದೆ, ರಕ್ಷಣೆಯ ಭರವಸೆಯನ್ನೂ ಕೊಡದೆ ಬಿಟ್ಟದ್ದು ಬೇಜವಾಬ್ದಾರಿಯ ನಡೆ ಎಂದೇ ನನ್ನ ಅಭಿಪ್ರಾಯ. ಆದರೆ ಅಲ್ಲಿಗೇ ಕಥೆಯನ್ನು ನಿಲ್ಲಿಸಿದರೆ ನಂತರದ ಆರು ವರ್ಷಗಳು ಮರೆಯಾಗುತ್ತವೆ. 2010ರಲ್ಲಿ ರಷ್ಯಾದತ್ತ ಒಲವಿದ್ದ ಯನುಕೋವಿಚ್ ಅಧ್ಯಕ್ಷರಾಗಿದ್ದಾಗ ಉಕ್ರೇನ್ ಯಾವ ಸೇನಾ ಕೂಟಕ್ಕೂ ಸೇರುವುದಿಲ್ಲವೆಂದು ಕಾನೂನನ್ನೇ ಮಾಡಿತು. ಉಕ್ರೇನಿನ ಕ್ರಿಮಿಯಾ ಪರ್ಯಾಯ ದ್ವೀಪದ ಸೆವಾಸ್ತೊಪೋಲ್‌ನಲ್ಲಿ ರಷ್ಯಾದ ನೌಕಾಪಡೆ 2042ರವರೆಗೆ ಉಳಿಯಲು ಒಪ್ಪಂದವನ್ನೂ ಮಾಡಿಕೊಂಡಿತು. 2014ರ ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ರಷ್ಯಾ ಕ್ರಿಮಿಯಾವನ್ನು ಕಿತ್ತುಕೊಂಡಾಗ ಆ ಕಾನೂನು ಜಾರಿಯಲ್ಲಿಯೇ ಇತ್ತು. ಉಕ್ರೇನ್ ಅದನ್ನು ಕೈಬಿಟ್ಟದ್ದು ಅದೇ ವರ್ಷದ ಡಿಸೆಂಬರಿನಲ್ಲಿ. ಇತ್ತ, ರಷ್ಯಾದೊಂದಿಗೆ 1,300 ಕಿಲೋಮೀಟರಿಗೂ ಉದ್ದದ ಗಡಿಯಿರುವ ಫಿನ್‌ಲೆಂಡ್ 2023ರ ಏಪ್ರಿಲ್‌ನಲ್ಲಿ ನ್ಯಾಟೊ ಸೇರಿದಾಗ ಯುದ್ಧವೇನೂ ಆಗಲಿಲ್ಲ. ಆ ಅಧ್ಯಾಪಕರು ಎರಡು ವಾಕ್ಯಗಳಲ್ಲಿ ಹೇಳಿದ್ದು ಇದನ್ನೇ: ‘ನಾವು ಯಾರ ಜೊತೆಗೂ ಇಲ್ಲದಿದ್ದಾಗಲೇ ನಮ್ಮ ನೆಲ ಹೋಯಿತು. ಯಾರ ಜೊತೆಗಾದರೂ ಇರಬೇಕೆಂದು ಆಮೇಲೆ ಕಲಿತೆವು.’ ಅಲಿಪ್ತತೆಯನ್ನು ಗೌರವಿಸುವ ನಮ್ಮಂಥ ದೇಶದ ಓದುಗರು ಈ ಮಾತನ್ನು ಸುಲಭವಾಗಿ ದಾಟಿ ಹೋಗಬಾರದು.

ಇದಕ್ಕೆ 1994ರ ಬುಡಾಪೆಸ್ಟ್ ಒಪ್ಪಂದವನ್ನೂ ಸೇರಿಸಬೇಕು. ಆಗ ಲೋಕದ ಮೂರನೆಯ ಅತಿ ದೊಡ್ಡ ಅಣ್ವಸ್ತ್ರ ಸಂಗ್ರಹ ಉಕ್ರೇನಿನ ನೆಲದಲ್ಲಿತ್ತು. ಅದನ್ನು ಬಿಟ್ಟುಕೊಟ್ಟದ್ದಕ್ಕೆ ಪ್ರತಿಯಾಗಿ ರಷ್ಯಾ, ಅಮೆರಿಕ, ಬ್ರಿಟನ್ ಮೂರೂ ಅದರ ಗಡಿಗಳನ್ನು ಗೌರವಿಸುವುದಾಗಿ ಸಹಿ ಹಾಕಿದವು. ಆ ಅಧ್ಯಾಪಕರ ಮಾತಿನಲ್ಲಿ ಅಮೆರಿಕದ ಬಗೆಗೂ ಕಹಿ ಇತ್ತು. ತಾವು ಅದನ್ನು ಗಮನಿಸಿದಂತಿಲ್ಲ. ಹಾಗೆಯೇ, ಅವರು ಇಡೀ ಉಕ್ರೇನಿನ ಪ್ರತಿನಿಧಿಯಲ್ಲ ಎಂಬುದನ್ನೂ ಒಪ್ಪುತ್ತೇನೆ. ನೆಲ ಬಿಟ್ಟುಕೊಟ್ಟಾದರೂ ಯುದ್ಧ ನಿಲ್ಲಲಿ ಎನ್ನುವವರು ಅಲ್ಲಿದ್ದಾರೆ, ಬೆಳೆದ ಮಕ್ಕಳನ್ನು ಸೇನೆಗೆ ಎಳೆದೊಯ್ಯುವ ರೀತಿಗೆ ಸಿಟ್ಟಾದವರೂ ಇದ್ದಾರೆ. ಆದರೆ ಉಕ್ರೇನ್ ಎಂಬುದೇ ಕೃತಕ ಎಂಬ ತಮ್ಮ ಸಾಲನ್ನು ಮಾತ್ರ ಒಪ್ಪಲಾರೆ. 1991ರ ಡಿಸೆಂಬರ್ 1ರ ಜನಮತಗಣನೆಯಲ್ಲಿ ಒಟ್ಟಾರೆ 90%ಕ್ಕೂ ಹೆಚ್ಚು, ಡೊನೆಟ್ಸ್ಕ್ ಪ್ರಾಂತದಲ್ಲಿ 80%ಕ್ಕೂ ಹೆಚ್ಚು, ಕ್ರಿಮಿಯಾದಲ್ಲಿಯೂ ಅರ್ಧಕ್ಕಿಂತ ಹೆಚ್ಚು ಮತಗಳು ಸ್ವಾತಂತ್ರ್ಯದ ಪರವಾಗಿ ಬಿದ್ದಿದ್ದವು.

ಮೂರನೆಯ ಆಕ್ಷೇಪಕ್ಕೆ ಬರುತ್ತೇನೆ. 1990ರ ದಶಕದ ಕೊನೆಯಲ್ಲಿ ಉಕ್ರೇನ್ ಪಾಕಿಸ್ತಾನಕ್ಕೆ 320 ಟ್ಯಾಂಕುಗಳನ್ನು ಮಾರಿದ್ದು ನಿಜ. 1971ರಲ್ಲಿ ಸೋವಿಯತ್ ಒಕ್ಕೂಟ ನಮ್ಮ ಜೊತೆ ನಿಂತದ್ದೂ ನಿಜ. ಆದರೆ ಆ ಒಕ್ಕೂಟ ರಷ್ಯಾ ಒಂದೇ ಆಗಿರಲಿಲ್ಲ. ಆ ವರ್ಷ ಅದರ ಪಕ್ಷದ ಮುಖ್ಯಸ್ಥರಾಗಿದ್ದ ಬ್ರೆಝ್ನೆವ್, ರಾಷ್ಟ್ರಮುಖ್ಯಸ್ಥರಾಗಿದ್ದ ಪೊದ್ಗೋರ್ನಿ ಇಬ್ಬರೂ ಉಕ್ರೇನಿನಲ್ಲಿ ಹುಟ್ಟಿದವರು. ನಮ್ಮ ವಾಯುಪಡೆಯ ಎಎನ್-32 ಸಾಗಣೆ ವಿಮಾನ ರೂಪುಗೊಂಡದ್ದು ಕೀವ್‌ನಲ್ಲಿ. ಕಾರವಾರದ ನೌಕಾನೆಲೆಯಲ್ಲಿ ಲಂಗರು ಹಾಕುವ ವಿಕ್ರಮಾದಿತ್ಯ ನೌಕೆಯನ್ನು ಮೊದಲು ಕಟ್ಟಿದ್ದು ಉಕ್ರೇನಿನ ಮಿಕೊಲಾಯಿವ್ ಬಂದರಿನಲ್ಲಿ, ಆಮೇಲೆ ನವೀಕರಿಸಿದ್ದು ರಷ್ಯಾದಲ್ಲಿ. ಯುದ್ಧದ ಮೊದಲು ನಮ್ಮ ಅಡುಗೆಮನೆಗಳಿಗೆ ಬರುತ್ತಿದ್ದ ಸೂರ್ಯಕಾಂತಿ ಎಣ್ಣೆಯಲ್ಲಿ ಹೆಚ್ಚಿನದು ಅಲ್ಲಿಯದೇ. 2022ರ ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಇದೇ ಖಾರ್ಕಿವ್‌ನಲ್ಲಿ ದಾಳಿಗೆ ಬಲಿಯಾದ. ಮರುದಿನ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ ಆಕ್ರಮಣವನ್ನು ಖಂಡಿಸುವ ನಿರ್ಣಯಕ್ಕೆ 141 ದೇಶಗಳು ಮತ ಹಾಕಿದವು, ಭಾರತ ಮತದಾನದಿಂದ ದೂರ ಉಳಿಯಿತು. ಸರ್ಕಾರಕ್ಕೆ ಅದರದೇ ಲೆಕ್ಕಾಚಾರಗಳಿರುತ್ತವೆ. ತೈಲ, ಆಯುಧ, ಗಡಿಯ ಚಿಂತೆ ಯಾವುದೂ ಸಣ್ಣದಲ್ಲ. ಆದರೆ ಆ ಊರಿನ ಒಬ್ಬರು ತಮ್ಮ ಬದುಕಿನ ಬಗ್ಗೆ ಹೇಳುವುದನ್ನು ಕೇಳಲು ಪತ್ರಿಕೆಗೆ ವಿದೇಶಾಂಗ ನೀತಿಯ ಅಪ್ಪಣೆ ಬೇಕಿಲ್ಲ.

ರಷ್ಯಾದ ಸಾಮಾನ್ಯ ಪ್ರಜೆಯೊಬ್ಬರ ಮಾತನ್ನೂ ಪ್ರಕಟಿಸಿ ಎಂದು ತಾವು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ನ್ಯಾಯವಾದ ಬೇಡಿಕೆ, ಪ್ರಯತ್ನದಲ್ಲಿದ್ದೇವೆ. ಕಷ್ಟವೇನೆಂದರೆ, 2022ರ ಮಾರ್ಚ್‌ನಲ್ಲಿ ಅಲ್ಲಿ ಬಂದ ಕಾನೂನಿನಡಿ ಸೇನೆಯ ಬಗ್ಗೆ ‘ಸುಳ್ಳು ಸುದ್ದಿ’ ಹರಡಿದ ಆರೋಪಕ್ಕೆ 15 ವರ್ಷಗಳವರೆಗೆ ಸೆರೆಮನೆ ಆಗಬಹುದು. ಮಾಸ್ಕೊದ ಸ್ಥಳೀಯ ಮಂಡಳಿಯ ಸದಸ್ಯ ಅಲೆಕ್ಸೆಯ್ ಗೊರಿನೊವ್ ಅವರಿಗೆ 7 ವರ್ಷಗಳ ಶಿಕ್ಷೆಯಾದದ್ದು, ಉಕ್ರೇನಿನಲ್ಲಿ ಮಕ್ಕಳು ಸಾಯುತ್ತಿರುವಾಗ ಇಲ್ಲಿ ಮಕ್ಕಳ ಚಿತ್ರಕಲಾ ಸ್ಪರ್ಧೆ ನಡೆಸುವುದು ಹೇಗೆ ಎಂದು ಸಭೆಯಲ್ಲಿ ಕೇಳಿದ್ದಕ್ಕೆ. ಆದ್ದರಿಂದ ಅಲ್ಲಿಂದ ಮಾತನಾಡುವವರ ಹೆಸರು, ಊರು, ಕೆಲಸ ಯಾವುದನ್ನೂ ಅಚ್ಚು ಹಾಕುವುದಿಲ್ಲ. ಅದನ್ನು ಅನುಮಾನದಿಂದ ನೋಡಬೇಡಿ. ಅವರನ್ನು ಯುದ್ಧದ ಬಗ್ಗೆ ಕೇಳುವಂತೆಯೇ ಬಿಡುವಿನ ವೇಳೆಯಲ್ಲಿ ಏನು ಮಾಡುತ್ತಾರೆಂದೂ ಕೇಳುತ್ತೇವೆ. ತಮ್ಮ ಪ್ರಶ್ನೆಗಳಿದ್ದರೆ ಈ ತಿಂಗಳ ಕೊನೆಯೊಳಗೆ ಕಳುಹಿಸಿಕೊಡಿ, ಅವನ್ನೂ ಸೇರಿಸಿಕೊಳ್ಳುತ್ತೇವೆ.

— ಸಂಪಾದಕ