ತಾಮ್ರದ ತಗಡಿನ ಮೇಲೆ ಪರ್ಸೆಪೊಲಿಸ್: ಸಂಪಾದಕರ ಉತ್ತರ

ಮಾನ್ಯರೇ,

ಪ್ರಾಚೀನ ಪರ್ಷಿಯವನ್ನು ಕುರಿತ ಲೇಖನದ ಜೊತೆ ನಾವು ಪ್ರಕಟಿಸಿದ ಹಳೆಯ ಚಿತ್ರ ಮತ್ತು ಭೂಪಟಗಳ ಬಗ್ಗೆ ನೀವು ಮೂರು ಪ್ರಶ್ನೆ ಕೇಳಿದ್ದೀರಿ. ಪರ್ಷಿಯದ ದೊರೆಗಳ ರಾಜಧಾನಿಯಾಗಿದ್ದು ಇಂದು ಇರಾನಿನಲ್ಲಿ ಪಾಳುಬಿದ್ದಿರುವ ಪರ್ಸೆಪೊಲಿಸ್‌ನ ಛಾಯಾಚಿತ್ರಗಳು ಧಾರಾಳವಾಗಿ ಸಿಗುವಾಗ 1663ರ ಮುದ್ರಣವೊಂದನ್ನು ಬಳಸಿದ್ದೇಕೆ, ಭೂಪಟದಲ್ಲಿ ಕ್ಯಾಸ್ಪಿಯನ್ ಸಮುದ್ರ ಪೂರ್ವ-ಪಶ್ಚಿಮವಾಗಿ ಚಾಚಿಕೊಂಡಿರುವುದು ಅಚ್ಚಿನ ದೋಷವೇ, ಇಂತಹ ಬಣ್ಣದ ಹಾಳೆಯೊಂದನ್ನು ಕೊಳ್ಳುವುದು ಯೋಗ್ಯವೇ ಎಂಬುವು ಅವು.

ಭೂಪಟದ ವಿಷಯ ಸರಳ. ಅದು ಅಚ್ಚಿನ ದೋಷವಲ್ಲ. ಪ್ರಾಚೀನ ಗ್ರೀಕ್ ಭೂಗೋಳಜ್ಞ ಟಾಲೆಮಿಯ ಕಾಲದಿಂದ ಬಂದ ಆಕಾರವನ್ನೇ 1570ರ ಆರ್ಟೀಲಿಯಸ್‌ನಂತಹ ಭೂಪಟಕಾರರೂ ಮುಂದುವರಿಸಿದರು. ಜರ್ಮನಿಯ ಹೋಲ್‌ಸ್ಟೈನ್ ರಾಯಭಾರದೊಂದಿಗೆ ಇರಾನಿಗೆ ಹೋಗಿಬಂದ ಆಡಮ್ ಒಲಿಯೇರಿಯಸ್, ಈ ಸಮುದ್ರದ ಉದ್ದವಿರುವುದು ಉತ್ತರ-ದಕ್ಷಿಣವಾಗಿ ಎಂದು ತೋರಿಸಿದ. ಆದರೂ ಯುರೋಪಿನ ಭೂಪಟಗಳು ಸರಿದಾರಿಗೆ ಬರಲು, ರಷ್ಯದ ಪೀಟರ್ ದೊರೆ ಮಾಡಿಸಿದ ಸಮೀಕ್ಷೆಯ ಫಲ 1720ರ ದಶಕದಲ್ಲಿ ಪ್ಯಾರಿಸ್ ತಲುಪುವವರೆಗೆ ಕಾಯಬೇಕಾಯಿತು.

ಚಿತ್ರದ ವಿಷಯಕ್ಕೆ ಹೆಚ್ಚು ಮಾತು ಬೇಕು. ಅದನ್ನು ಅಚ್ಚಿಗಾಗಿ ತಾಮ್ರದ ತಗಡಿನಲ್ಲಿ ಕೊರೆದ ವೆನ್ಸೆಸ್ಲಾಸ್ ಹಾಲರ್ ಪರ್ಷಿಯವನ್ನು ಕಂಡವನೇ ಅಲ್ಲ. ಪರ್ಸೆಪೊಲಿಸನ್ನು 1628ರಲ್ಲಿ ನೋಡಿದವನು ಇಂಗ್ಲಿಷ್ ಪ್ರವಾಸಿ ಥಾಮಸ್ ಹರ್ಬರ್ಟ್. ನೋಡಿದ್ದಕ್ಕೂ ತಗಡು ಸಿದ್ಧವಾದದ್ದಕ್ಕೂ ನಡುವೆ 35 ವರ್ಷಗಳ ಅಂತರವಿದೆ. ಹಳೆಯ ಮುದ್ರಣಗಳ ಪೈಕಿ ಹೆಚ್ಚಿನವುಗಳಲ್ಲಿ ಹೀಗೆ ಎರಡು ಕೈಗಳಿವೆ: ಬಿಸಿಲಲ್ಲಿ ನಿಂತು ಗೀಚಿಕೊಂಡವನದೊಂದು, ದೂರದ ಊರಿನಲ್ಲಿ ಕುಳಿತು ತಾಮ್ರದ ಮೇಲೆ ಗೆರೆ ಎಳೆದವನದೊಂದು. ಎರಡನೆಯವನು ತನಗೆ ಅರ್ಥವಾಗದ ಕಡೆ ತನಗೆ ಅಭ್ಯಾಸವಾದದ್ದನ್ನೇ ತುಂಬುತ್ತಾನೆ. ಪರ್ಷಿಯದ ದೊರೆ ದಾರಿಯಸನ ಆಸ್ಥಾನಿಕರಿಗೆ ಗ್ರೀಕ್ ಪ್ರತಿಮೆಗಳ ಮೈಕಟ್ಟು ಬರುವುದು ಹೀಗೆ. ತಗಡಿನ ಮೇಲಿನ ಚಿತ್ರ ಕಾಗದದಲ್ಲಿ ಎಡಬಲ ತಿರುಗಿ ಮೂಡುವುದರಿಂದ, ಕೊರೆಯುವವನು ಎಚ್ಚರ ತಪ್ಪಿದರೆ ಮೆಟ್ಟಿಲು ಹತ್ತುವ ಮೆರವಣಿಗೆ ದಿಕ್ಕನ್ನೇ ಬದಲಿಸಿಬಿಡುತ್ತದೆ. 1818ರಲ್ಲಿ ಅಲ್ಲಿಗೆ ಹೋದ ಚಿತ್ರಕಾರ ರಾಬರ್ಟ್ ಕೆರ್ ಪೋರ್ಟರ್‌ಗೆ, ಕಂಡದ್ದನ್ನಷ್ಟೇ ಬರೆ, ಏನನ್ನೂ ತಿದ್ದಬೇಡ ಎಂದು ಪೀಟರ್ಸ್‌ಬರ್ಗಿನ ಕಲಾ ಅಕಾಡೆಮಿಯ ಅಧ್ಯಕ್ಷ ಒಲೆನಿನ್ ಹೇಳಿ ಕಳುಹಿಸಿದ್ದು, ಹಿಂದಿನವರ ಚಿತ್ರಗಳು ಒಂದಕ್ಕೊಂದು ಹೊಂದದಿರುವುದನ್ನು ಕಂಡೇ.

ಹಾಗೆಂದು ಇವೆಲ್ಲ ನಿರರ್ಥಕವಲ್ಲ. ನನ್ನ ಮಟ್ಟಿಗೆ ಇವುಗಳಲ್ಲಿ ಅತ್ಯಂತ ಬೆಲೆಯುಳ್ಳವು ನೋಡಲು ಅತ್ಯಂತ ನೀರಸವಾದವು, ಅಂದರೆ ಕಾರ್ಸ್ಟನ್ ನೀಬುರ್‌ನ ಫಲಕಗಳು. 1761ರಲ್ಲಿ ಹೊರಟ ಡೆನ್ಮಾರ್ಕಿನ ತಂಡದ ಚಿತ್ರಕಾರ ಬೌರೆನ್‌ಫೈಂಡ್ ಮುಂಬಯಿಗೆ ಬರುವ ಹಡಗಿನಲ್ಲೇ ತೀರಿಕೊಂಡ. ಮುಂಬಯಿಯಲ್ಲಿ ವೈದ್ಯನೂ ಸತ್ತ ಮೇಲೆ ಉಳಿದವನು ಮೋಜಣಿಗಾರ ನೀಬುರ್ ಒಬ್ಬನೇ. ಎಲಿಫೆಂಟಾ ಗುಹೆಗಳನ್ನು ಅಳೆದು ಬರೆದುಕೊಂಡ ಅದೇ ಕೈ 1765ರ ಮಾರ್ಚಿನಲ್ಲಿ ಪರ್ಸೆಪೊಲಿಸ್‌ನ ಗೋಡೆಬರಹಗಳನ್ನು ನಕಲು ಮಾಡಿತು. ಮೊಳೆಯಾಕಾರದ ಆ ಗೀಟುಗಳಲ್ಲಿ ಮೂರು ಬೇರೆ ಬೇರೆ ಲಿಪಿಗಳಿವೆಯೆಂದು ಗುರುತಿಸಿ, ಸರಳವಾದದ್ದರಲ್ಲಿ 42 ಅಕ್ಷರಗಳನ್ನು ಆತ ಬೇರ್ಪಡಿಸಿದ. ಗೋಟಿಂಗೆನ್‌ನ ಶಾಲಾಶಿಕ್ಷಕ ಗ್ರೋಟೆಫೆಂಡ್ 1802ರಲ್ಲಿ ದಾರಿಯಸ್, ಕ್ಸೆರ್ಕ್ಸಸ್ ಎಂಬ ದೊರೆಗಳ ಹೆಸರುಗಳನ್ನು ಓದಲು ಸಾಧ್ಯವಾದದ್ದು ಇಂತಹ ನಕಲುಗಳಿಂದಲೇ. ಕಲಾವಿದನೊಬ್ಬ ಬದುಕಿದ್ದಿದ್ದರೆ ಫಲಕಗಳು ಸುಂದರವಾಗಿರುತ್ತಿದ್ದವೇನೋ, ಅಕ್ಷರಗಳು ಅಷ್ಟು ನಿಷ್ಠವಾಗಿರುತ್ತಿದ್ದವೋ ಇಲ್ಲವೋ. ಪರ್ಸೆಪೊಲಿಸಿನ ದೊಡ್ಡ ಸಭಾಮಂಟಪದ 72 ಕಂಬಗಳಲ್ಲಿ ಇಂದು ನಿಂತಿರುವುದು 13 ಮಾತ್ರ. ನೀಬುರ್ ಎಣಿಸಿದಾಗ 17 ಇದ್ದವು. ಛಾಯಾಚಿತ್ರಕ್ಕೆ ದಕ್ಕದ ಕಂಬಗಳಿಗೆ ಇವರೇ ಸಾಕ್ಷಿ.

ಆದರೆ ಇವರಾರೂ ಕಾಣದ್ದನ್ನು ಛಾಯಾಚಿತ್ರ ತೋರಿಸುತ್ತದೆಂಬ ನಿಮ್ಮ ಮಾತನ್ನು ಒಪ್ಪುತ್ತೇನೆ. ಅದೇ ಮಂಟಪದ ಪೂರ್ವದ ಮೆಟ್ಟಿಲುಗಳು 1930ರ ದಶಕದಲ್ಲಿ ಪುರಾತತ್ವಜ್ಞ ಹೆರ್ಜ್‌ಫೆಲ್ಡ್ ಅಗೆಸುವವರೆಗೆ ಮಣ್ಣಿನಡಿಯಿದ್ದವು. ಅಲ್ಲಿ ಕಾಣಿಕೆ ತರುವ 23 ನಿಯೋಗಗಳಲ್ಲಿ ಒಂದು ಭಾರತದ್ದು: ಸೊಂಟಕ್ಕೆ ಬಟ್ಟೆ ಸುತ್ತಿದ ಬರಿಗಾಲಿನವನೊಬ್ಬ ಹೆಗಲ ಮೇಲೆ ಕಾವಡಿ ಹೊತ್ತಿದ್ದಾನೆ, ಎರಡೂ ತುದಿಯ ಬುಟ್ಟಿಗಳಲ್ಲಿ ಪುಟ್ಟ ಚೀಲಗಳಿವೆ, ಹಿಂದೆ ಕತ್ತೆಯೊಂದನ್ನು ಹೊಡೆದುಕೊಂಡು ಬರುತ್ತಿದ್ದಾರೆ. ಮುಂದಿನ ಸಂಚಿಕೆಯಲ್ಲಿ ಇದರ ಛಾಯಾಚಿತ್ರವನ್ನೇ ಕೊಡುತ್ತೇವೆ.

ಇನ್ನು ಕೊಳ್ಳುವ ವಿಚಾರ. ಅಂಗಡಿಗೆ ಬರುವ ಬಿಡಿ ಹಾಳೆಗಳಲ್ಲಿ ಬಹುಪಾಲು ಯಾವುದೋ ಪುಸ್ತಕದಿಂದ ಕತ್ತರಿಸಿದವು. ಅವುಗಳ ಬಣ್ಣವೂ ಅನೇಕ ವೇಳೆ ಬಹಳ ಕಾಲದ ನಂತರ ಹಚ್ಚಿದ್ದು. ನಿಜವಾದ ತಾಮ್ರದ ಮುದ್ರಣವಾದರೆ, ಅಂಚನ್ನು ಕತ್ತರಿಸಿರದಿದ್ದಲ್ಲಿ, ಚಿತ್ರದ ಸುತ್ತ ತಗಡು ಒತ್ತಿದ ತಗ್ಗು ಬೆರಳಿಗೆ ಸಿಗುತ್ತದೆ. ಯಾವ ಪುಸ್ತಕದ್ದು, ಯಾವ ವರ್ಷದ್ದೆಂದು ಮಾರುವವರು ಬರೆದು ಕೊಡದಿದ್ದರೆ ಕೊಳ್ಳಬೇಡಿ.

ಸಂಪಾದಕ