ಮನೆಯಲ್ಲಿ ಕನೆಕ್ಟ್ ಆಗುವ ಮಾಂಗೋಡಿಬಿ ಅಂಗಡಿಯಲ್ಲಿ ಆಗುವುದಿಲ್ಲ, ಮಂಗೂಸ್ ಬಿಟ್ಟುಬಿಡಲೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಇಷ್ಟು: ಕುಂಬಳೆಯಲ್ಲಿ ಮಾವನ ಅಡಿಕೆ ಅಂಗಡಿಗೆ ನೋಡ್‌ನಲ್ಲಿ (ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ) ಬಿಲ್ಲಿಂಗ್ ಬರೆದಿದ್ದೀರಿ, ಡೇಟಾ ಮಾಂಗೋಡಿಬಿ ಎಂಬ ಡೇಟಾಬೇಸಿನಲ್ಲಿ, ಅದನ್ನು ನೆಟ್ಟಿನಲ್ಲಿ ಒದಗಿಸುವ ಅಟ್ಲಾಸ್‌ನ ಉಚಿತ ಕ್ಲಸ್ಟರಿನಲ್ಲಿದೆ (ಸರ್ವರುಗಳ ಗುಂಪು). ಮನೆಯಲ್ಲಿ ಎಲ್ಲ ಸರಿ. ಅಂಗಡಿಯಲ್ಲಿ ಮಾತ್ರ ಹತ್ತು ಸೆಕೆಂಡು ಸುಮ್ಮನಿದ್ದು ‘ಬಫರಿಂಗ್ ಟೈಮ್ಡ್ ಔಟ್ ಆಫ್ಟರ್ 10000 ಎಂಎಸ್’ ಎನ್ನುತ್ತದೆ. ನೋಡ್‌ಗೂ ಮಾಂಗೋಡಿಬಿಗೂ ನಡುವೆ ಇರುವ ಮಂಗೂಸ್ ಲೈಬ್ರರಿ ನಿಧಾನ ಇರಬೇಕು, ಅದನ್ನು ಬಿಟ್ಟು ಅದರ ಕೆಳಗಿರುವ ಮಾಂಗೋಡಿಬಿಯ ಡ್ರೈವರನ್ನೇ ನೇರ ಬಳಸಲೇ ಎಂದು ಕೇಳಿದ್ದೀರಿ.

ಬಿಡಬೇಡಿ. ಡ್ರೈವರ್ ಹಾಕಿದರೂ ಕಷ್ಟ ಇದೇ, ಬೈಗುಳ ಮಾತ್ರ ಬೇರೆ. ಪೆರ್ಲ ಕಡೆಯ ಒಂದು ಅಂಗಡಿಗೆ ನಾನೂ ಇಂಥದ್ದೇ ಒಂದನ್ನು ಮಾಡಿಕೊಟ್ಟಿದ್ದೇನೆ. ಅಡಿಕೆ, ಕಾಳುಮೆಣಸು, ರಬ್ಬರ್, ಕೊಕ್ಕೋ ಎಲ್ಲ ತೆಗೆದುಕೊಳ್ಳುವ ಅಂಗಡಿ, ಬೋರ್ಡಿನಲ್ಲಿ ಮಲಯಾಳದಲ್ಲಿ ‘ಮಲಂಚರಕ್ಕ್’ ಎಂದು ಬರೆದಿರುತ್ತದಲ್ಲ, ಅದು. ಅಲ್ಲಿ ಎರಡು ದಿನ ಇದೇ ಸಾಲನ್ನು ನೋಡುತ್ತ ಕುಳಿತಿದ್ದೆ.

ಮಂಗೂಸ್ ಏನು ಮಾಡುತ್ತದೆ ಎಂದರೆ, ಕನೆಕ್ಷನ್ ಇನ್ನೂ ಆಗಿಲ್ಲದಿದ್ದರೂ ನೀವು ಕೊಟ್ಟ ಫೈಂಡ್, ಸೇವ್ ಎಲ್ಲವನ್ನೂ ತೆಗೆದು ಇಟ್ಟುಕೊಳ್ಳುತ್ತದೆ, ಬಫರಿಂಗ್ ಎಂದರೆ ಇದೇ. ರೇಶನ್ ಅಂಗಡಿ ತೆರೆಯುವ ಮೊದಲೇ ಚೀಲವನ್ನು ಸಾಲಿಗೆ ಇಟ್ಟು ಬಂದ ಹಾಗೆ. ಹತ್ತು ಸೆಕೆಂಡಿನೊಳಗೆ ಬಾಗಿಲು ತೆರೆಯದಿದ್ದರೆ ಆ ಸಂದೇಶ ಬರುತ್ತದೆ. ಅಂದರೆ ನಿಮ್ಮ ಕ್ವೆರಿ ನಿಧಾನವಾದದ್ದಲ್ಲ, ಅದು ಸರ್ವರ್ ತನಕ ಹೋಗಿಯೇ ಇಲ್ಲ. ನಿಜವಾದ ಎರರ್ ಬರುವುದು ಕನೆಕ್ಟ್ ಎಂದು ಕರೆದ ಜಾಗದಲ್ಲಿ. ಆದರೆ ಸರ್ವರ್ ಸಿಗಲಿಲ್ಲ ಎಂದು ಒಪ್ಪಿಕೊಳ್ಳಲು ಡ್ರೈವರ್ ಮೂವತ್ತು ಸೆಕೆಂಡು ತೆಗೆದುಕೊಳ್ಳುತ್ತದೆ, ಬಫರ್ ಹತ್ತರಲ್ಲೇ ಕೈಬಿಡುತ್ತದೆ. ಹಾಗಾಗಿ ರೋಗಕ್ಕಿಂತ ಮೊದಲು ಅದರ ನೆರಳು ಕಾಣುತ್ತದೆ. ನೀವೋ ಕನೆಕ್ಟ್‌ನ ಎರರ್ ಹಿಡಿಯುವ ಕ್ಯಾಚ್ ಬ್ಲಾಕನ್ನು ಖಾಲಿ ಬಿಟ್ಟಿದ್ದೀರಿ, ಇಪ್ಪತ್ತು ಸೆಕೆಂಡು ಕಳೆದು ಬಂದ ಅಸಲಿ ಎರರ್ ಅದರೊಳಗೆ ಹೋಗಿ ಸತ್ತಿದೆ.

ಮೊದಲು ಇಷ್ಟು ಮಾಡಿ. ಕನೆಕ್ಟ್‌ಗೆ ಅವೇಟ್ ಹಾಕಿ, ಅದು ಮುಗಿದ ಮೇಲೆಯೇ ಆ್ಯಪ್ ಪೋರ್ಟಿನಲ್ಲಿ ಲಿಸನ್ ಮಾಡಲಿ. ಸರ್ವರ್ ಸೆಲೆಕ್ಷನ್ ಟೈಮ್‌ಔಟ್ ಅನ್ನು 5000ಕ್ಕೆ, ಅಂದರೆ ಐದು ಸೆಕೆಂಡಿಗೆ, ಇಳಿಸಿ. ಕ್ಯಾಚ್‌ನಲ್ಲಿ ಎರರನ್ನು ಪೂರ್ತಿ ಪ್ರಿಂಟ್ ಮಾಡಿ. ಬಫರ್ ಕಮಾಂಡ್ಸ್ ಎಂಬುದನ್ನು ಫಾಲ್ಸ್ ಮಾಡಿದರೆ ಈ ಸಾಲಿಗಿಡುವ ಕೆಲಸವೇ ನಿಲ್ಲುತ್ತದೆ, ಮೊದಲ ಕನೆಕ್ಷನ್ ಆಗಿಲ್ಲದಿದ್ದರೆ ಕೂಡಲೇ ಹೇಳುತ್ತದೆ. ಅಂಗಡಿಯ ಕೆಲಸಕ್ಕೆ ಅದೇ ಒಳ್ಳೆಯದು. ತಕ್ಕಡಿ ಮುಂದೆ ನಿಂತವರನ್ನು ಕಾಯಿಸಿ ಸುಖವಿಲ್ಲ.

ಇನ್ನು ಕಾರಣ. ಮನೆಯಲ್ಲಿ ನಡೆಯುತ್ತದೆ ಎಂದ ಮೇಲೆ ಯೂಸರ್‌ನೇಮ್, ಪಾಸ್‌ವರ್ಡ್ ಸರಿ ಇವೆ. ಉಳಿಯುವುದು ಅಂಗಡಿಯ ನೆಟ್. ಅಟ್ಲಾಸ್ ತನ್ನ ಪಟ್ಟಿಯಲ್ಲಿರುವ ಐಪಿಗಳಿಂದ (ನೆಟ್ಟಿನ ವಿಳಾಸಗಳಿಂದ) ಮಾತ್ರ ಕನೆಕ್ಷನ್ ಒಪ್ಪುತ್ತದೆ. ಕ್ಲಸ್ಟರ್ ಮಾಡಿದ ದಿನ ನಿಮ್ಮ ಮನೆಯ ಐಪಿ ಸೇರಿಕೊಂಡಿರುತ್ತದೆ, ಅಂಗಡಿಯದ್ದು ಸೇರಿಲ್ಲ. ಪೆರ್ಲದ ಅಂಗಡಿಯಲ್ಲಿ ನೆಟ್ ಬರುತ್ತಿದ್ದದ್ದು ಅಂಗಡಿಯ ಧನಿಗಳ (ಯಜಮಾನರ) ಮಗನ ಮೊಬೈಲ್ ಹಾಟ್‌ಸ್ಪಾಟ್‌ನಿಂದ. ಬೆಳಿಗ್ಗೆ ಐಪಿ ಸೇರಿಸಿದರೆ ಮಧ್ಯಾಹ್ನಕ್ಕೆ ಬದಲು. ಕೊನೆಗೆ ಎಲ್ಲರೂ ಮಾಡುವಂತೆ 0.0.0.0/0 ಹಾಕಿದೆ, ಅಂದರೆ ಲೋಕದ ಯಾವ ಮೂಲೆಯಿಂದಲೂ ಬನ್ನಿ ಎಂದು. ಅದು ನಡೆಯುತ್ತದೆ, ಆದರೆ ಮತ್ತೆ ಉಳಿಯುವುದು ಪಾಸ್‌ವರ್ಡ್ ಎಂಬ ಒಂದೇ ಚಿಲಕ.

ಐಪಿ ಸರಿ ಇದ್ದೂ ಆಗದಿದ್ದರೆ ಎರರಿನಲ್ಲಿ ‘ಕ್ವೆರಿ ಎಸ್‌ಆರ್‌ವಿ’ ಎಂಬ ಪದ ಇದೆಯೇ ನೋಡಿ. ಅಟ್ಲಾಸ್ ಕೊಡುವ ಸ್ಟ್ರಿಂಗ್‌ನ, ಅಂದರೆ ಕನೆಕ್ಟ್ ಆಗಬೇಕಾದ ವಿಳಾಸದ ಸಾಲಿನ, ಆರಂಭದಲ್ಲಿ ಪ್ಲಸ್ ಎಸ್‌ಆರ್‌ವಿ ಎಂದಿರುತ್ತದೆ. ಅದರಲ್ಲಿರುವುದು ಒಂದೇ ಹೆಸರು. ಅದರ ಹಿಂದಿರುವ ಮೂರು ಸರ್ವರ್ ಯಾವುವು ಎಂದು ಡಿಎನ್‌ಎಸ್‌ನಲ್ಲಿ (ನೆಟ್ಟಿನ ಹೆಸರು-ವಿಳಾಸಗಳ ಪುಸ್ತಕ) ಕೇಳಿ ತಿಳಿಯಬೇಕು. ಕೆಲವು ರೌಟರುಗಳಿಗೆ ಈ ತರದ ಪ್ರಶ್ನೆಯೇ ಅರ್ಥವಾಗುವುದಿಲ್ಲ. ಕಂಪ್ಯೂಟರಿನ ಡಿಎನ್‌ಎಸ್ ಅನ್ನು ಗೂಗಲಿನ 8.8.8.8 ಮಾಡಿ ನೋಡಿ. ಇಲ್ಲವೇ ಅಟ್ಲಾಸ್‌ನಲ್ಲಿ ಹಳೆಯ ಡ್ರೈವರ್ ಆವೃತ್ತಿ ಆರಿಸಿದರೆ ಮೂರೂ ಸರ್ವರಿನ ಹೆಸರಿರುವ ಉದ್ದ ಸ್ಟ್ರಿಂಗ್ ಸಿಗುತ್ತದೆ, ಅದನ್ನೇ ಹಾಕಿ. ಬಾಲದಲ್ಲಿರುವ ರೆಪ್ಲಿಕಾ ಸೆಟ್, ಟಿಎಲ್‌ಎಸ್ ಭಾಗಗಳನ್ನು ಕತ್ತರಿಸಬೇಡಿ. ಅದೂ ಅಲ್ಲವಾದರೆ ಮಾಂಗೋಡಿಬಿ ಬಳಸುವ 27017 ಪೋರ್ಟನ್ನು ಯಾರೋ ಮುಚ್ಚಿದ್ದಾರೆ.

ನೀವು ನೋಡಿ ಬರೆದ ಟ್ಯುಟೋರಿಯಲ್ ಹಳೆಯದು. ಯೂಸ್ ನ್ಯೂ ಯುಆರ್‌ಎಲ್ ಪಾರ್ಸರ್ ಎಂಬ ಸಾಲು ಮಂಗೂಸ್ 6ರಿಂದಲೇ ಬೇಡ, 7ರಲ್ಲಿ ಕಾಲ್‌ಬ್ಯಾಕ್ ಕೂಡ ಹೋಯಿತು.

ಮಂಗೂಸ್ ಮೇಲೆ ದೂರು ಹೇಳಲೇಬೇಕೆಂದಿದ್ದರೆ ನನ್ನ ದೂರು ಬೇರೆ: ಅದು ಕೆಲವನ್ನು ಮಾತಾಡದೆ ಮಾಡುತ್ತದೆ. ನಮ್ಮ ಅಂಗಡಿಯಲ್ಲಿ ತೂಕ ಹಾಕುವಾಗ ಗೋಣಿಯ ತೂಕ ಕಳೆಯುತ್ತಾರೆ. ಮೊದಲು ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಧನಿಗಳು ಹೇಳಿದ ಮೇಲೆ ಸ್ಕ್ರೀನಿನಲ್ಲಿ ಗೋಣಿ ಎಂದು ಒಂದು ಚೌಕ ಸೇರಿಸಿದೆ, ಬಿಲ್ಲಿನಲ್ಲಿ ಸರಿಯಾಗಿ ಕಳೆದು ಬಂತು, ಸಂತೋಷ. ಎರಡು ವಾರದ ನಂತರ ಕರಿಗೋಟು (ಕಡಿಮೆ ದರ್ಜೆಯ ಅಡಿಕೆ) ಮಾರಿದವರೊಬ್ಬರು ಬಿಲ್ ಹಿಡಿದು ಬಂದರು: ಪುಸ್ತಕದಲ್ಲಿ ಒಂದು ತೂಕ, ಬಿಲ್ಲಿನಲ್ಲಿ ಒಂದು ತೂಕ. ನೋಡಿದರೆ ಡೇಟಾಬೇಸಿನಲ್ಲಿ ಗೋಣಿಯೇ ಇಲ್ಲ, ಒಂದು ಬಿಲ್ಲಿಗೂ ಇಲ್ಲ. ಸ್ಕೀಮಾದಲ್ಲಿ, ಅಂದರೆ ಯಾವ ಯಾವ ಫೀಲ್ಡ್ ಇರಬೇಕೆಂದು ಮಂಗೂಸ್‌ಗೆ ಹೇಳುವ ಪಟ್ಟಿಯಲ್ಲಿ, ಸೇರಿಸಲು ನಾನು ಮರೆತಿದ್ದೆ. ಸ್ಕೀಮಾದಲ್ಲಿ ಇಲ್ಲದ್ದನ್ನು ಮಂಗೂಸ್ ಎರರ್ ಕೊಡದೆ ಬಿಸಾಡಿ, ಉಳಿದದ್ದನ್ನು ಸೇವ್ ಮಾಡಿ, ಆಯಿತು ಎನ್ನುತ್ತದೆ. ತಪ್ಪು ನನ್ನದೇ, ಆದರೂ ಸಿಟ್ಟು ಬರುತ್ತದೆ. ಈಗ ಎಲ್ಲ ಸ್ಕೀಮಾಗಳಲ್ಲೂ ಸ್ಟ್ರಿಕ್ಟ್ ಎಂಬಲ್ಲಿ ‘ತ್ರೋ’ ಎಂದು ಕೊಟ್ಟಿದ್ದೇನೆ. ಗುರುತಿಲ್ಲದ ಫೀಲ್ಡ್ ಬಂದರೆ ಅಲ್ಲೇ ನಿಲ್ಲುತ್ತದೆ.

ಇನ್ನೊಂದು ಕೇಳಿ, ನಗು ಬರುತ್ತದೆ. ಮಾಡೆಲಿಗೆ ‘ಅಡಿಕೆ’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಹೆಸರಿಟ್ಟರೆ ಮಂಗೂಸ್ ಅದಕ್ಕೆ ಇಂಗ್ಲಿಷ್ ವ್ಯಾಕರಣ ಹಚ್ಚಿ ‘ಅಡಿಕೆಸ್’ ಎಂಬ ಕಲೆಕ್ಷನ್ನಿನಲ್ಲಿ (ದಾಖಲೆಗಳ ಕಟ್ಟು) ಹುಡುಕುತ್ತದೆ. ನಿಮ್ಮ ಹಳೆಯ ಡೇಟಾ ಅಡಿಕೆಯಲ್ಲಿ, ಅದು ಹುಡುಕುವುದು ಅಡಿಕೆಸ್‌ನಲ್ಲಿ. ಎರರ್ ಇಲ್ಲ, ಖಾಲಿ ಪಟ್ಟಿ. ಮಾಡೆಲ್ ಮಾಡುವಾಗ ಮೂರನೆಯದಾಗಿ ಕಲೆಕ್ಷನ್ ಹೆಸರನ್ನು ನೀವೇ ಕೊಡಿ.

ಹೆಸರುಗಳನ್ನು ಕನ್ನಡದಲ್ಲೇ ಇಡುತ್ತೀರಾದರೆ ಇದೂ ಬೇಕಾದೀತು: ಕೋಯಿಪಾಡಿ ಎಂಬ ಊರಿನ ‘ಕೋ’ದಲ್ಲಿರುವ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಕೋಡಾಗಿಯೂ ಬರೆಯಬಹುದು, ತುಂಡು ತುಂಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಫೈಂಡ್‌ಗೆ ಬೇರೆ ಬೇರೆ. ಸ್ಕೀಮಾದಲ್ಲಿ ಹೆಸರಿನ ಫೀಲ್ಡಿಗೆ ಒಂದು ಸೆಟ್ಟರ್ (ಸೇವ್ ಆಗುವ ಮೊದಲು ಬೆಲೆಯನ್ನು ತಿದ್ದುವ ಫಂಕ್ಷನ್) ಇಟ್ಟು ನಾರ್ಮಲೈಸ್ ಮಾಡಿ, ಅಂದರೆ ಎರಡನ್ನೂ ಒಂದೇ ರೂಪಕ್ಕೆ ತನ್ನಿ, ಹುಡುಕುವಾಗಲೂ ಹಾಗೆಯೇ ಮಾಡಿ. ಅಕಾರಾದಿ ಬೇಕಿದ್ದರೆ ಕೊಲೇಶನ್‌ನಲ್ಲಿ (ಅಕ್ಷರಗಳ ಕ್ರಮ ಹೇಳುವ ಸೆಟ್ಟಿಂಗ್) ಕನ್ನಡದ ಲೊಕೇಲ್ ಇದೆ. ದುಡ್ಡನ್ನು ಮಾತ್ರ ದಶಮಾಂಶದಲ್ಲಿ ಇಡಬೇಡಿ, ಪೈಸೆಯಲ್ಲಿ ಪೂರ್ಣಾಂಕವಾಗಿ ಇಡಿ.

ಲೈಸೆನ್ಸ್ ಬಗ್ಗೆಯೂ ಕೇಳಿದ್ದೀರಿ. ಮಂಗೂಸ್ ಎಂಐಟಿ, ಡ್ರೈವರ್ ಅಪಾಚೆ 2, ಎರಡೂ ಮುಕ್ತ ತಂತ್ರಾಂಶವೇ. ಸರ್ವರ್ ಮಾತ್ರ 2018ರ ಅಕ್ಟೋಬರಿನಲ್ಲಿ ಎಸ್‌ಎಸ್‌ಪಿಎಲ್ ಎಂಬ ಲೈಸೆನ್ಸಿಗೆ ಬದಲಾಯಿತು, ಅದನ್ನು ಓಪನ್ ಸೋರ್ಸ್ ಇನಿಶಿಯೇಟಿವ್‌ನವರು ಒಪ್ಪಿಲ್ಲ. ಅದರ ಬಿಸಿ ತಟ್ಟುವುದು ಮಾಂಗೋಡಿಬಿಯನ್ನೇ ಸೇವೆಯಾಗಿ ಮಾರುವವರಿಗೆ. ಅಡಿಕೆ ಮಾರುವವರಿಗೆ ಅಲ್ಲ.

ನಾನು ಕೊನೆಗೆ ಅಟ್ಲಾಸ್ ಬಿಟ್ಟೆ. ಜೂನ್‌ನಲ್ಲಿ ಮಳೆ ಹಿಡಿದರೆ ಇಲ್ಲಿ ನೆಟ್ಟಿಗೂ ಕರೆಂಟಿಗೂ ಭರವಸೆ ಇಲ್ಲ. ಅಂಗಡಿಯ ಕಂಪ್ಯೂಟರಿಗೇ ಸರ್ವರ್ ಹಾಕಿ, ಯುಪಿಎಸ್ ಕೊಟ್ಟು, ರಾತ್ರಿ ಬಾಗಿಲು ಹಾಕುವ ಮೊದಲು ಮಾಂಗೋಡಂಪ್‌ನಿಂದ ಡೇಟಾದ ಪ್ರತಿ ತೆಗೆದು ಪೆನ್‌ಡ್ರೈವಿಗೆ ಹಾಕುತ್ತೇವೆ. ನೀವೂ ಹಾಗೆ ಮಾಡುವುದಿದ್ದರೆ ಸ್ಟ್ರಿಂಗ್‌ನಲ್ಲಿ ಲೋಕಲ್‌ಹೋಸ್ಟ್ ಎಂದು ಬರೆಯದೆ 127.0.0.1 ಎಂದೇ ಬರೆಯಿರಿ. ನೋಡ್ 17ರಿಂದ ಈಚೆಗೆ ಲೋಕಲ್‌ಹೋಸ್ಟ್ ಎಂದರೆ ಮೊದಲು ಐಪಿವಿ6 ವಿಳಾಸಕ್ಕೆ ಹೋಗಬಹುದು, ಮಾಂಗೋಡಿಬಿ ಅಲ್ಲಿ ಕುಳಿತಿರುವುದಿಲ್ಲ.

ಇಷ್ಟಾದರೂ ಆಗದಿದ್ದರೆ ಕನೆಕ್ಟ್‌ನಲ್ಲಿ ಬಂದ ಎರರನ್ನು ಪ್ರಶ್ನೆಗೆ ಸೇರಿಸಿ, ನೋಡುತ್ತೇನೆ. ಅದಕ್ಕೂ ಮೊದಲು ಪಾಸ್‌ವರ್ಡ್ ಬದಲಿಸಿ. ನೀವು ಹಾಕಿದ ಕೋಡಿನಲ್ಲಿ ಅದು ಇದ್ದ ಹಾಗೇ ಇದೆ.