ಆರ್‌ಸಿ ಕಾರಿನ ಹದ: ಓದುಗರ ಪ್ರಶ್ನೆಗಳಿಗೆ ಉತ್ತರ

ರೇಡಿಯೊ ನಿಯಂತ್ರಿತ ಮಾದರಿ ಕಾರುಗಳನ್ನು ಕುರಿತು ಬಂದ ಪತ್ರಗಳಲ್ಲಿ ಹೆಚ್ಚಿನವು ಮೋಟಾರು, ಬ್ಯಾಟರಿ, ವೇಗ ಈ ಮೂರರ ಸುತ್ತಲೇ ಸುತ್ತುತ್ತವೆ. ಆದರೆ ಅವುಗಳಲ್ಲಿನ ದೂರನ್ನು ನಿಧಾನವಾಗಿ ಓದಿದರೆ, ತೊಂದರೆಯ ಬೇರು ಎಲ್ಲೋ ಬಿಗಿದುಕೊಂಡಿರುವ ಅಚ್ಚಿನಲ್ಲೋ ಒಣಗಿಹೋದ ಗ್ರೀಸಿನಲ್ಲೋ ಇರುವುದು ಕಾಣುತ್ತದೆ. ಆದ್ದರಿಂದ ಈ ಸಂಚಿಕೆಯ ಉತ್ತರಗಳಲ್ಲಿ ವಿದ್ಯುತ್ತಿಗಿಂತ ಯಂತ್ರದ ಮಾತೇ ಹೆಚ್ಚಾಗಿದ್ದರೆ ಓದುಗರು ಮನ್ನಿಸಬೇಕು.

ಪ್ರಶ್ನೆ: ಮೂವತ್ತು ವರ್ಷಗಳಿಂದ ಅಟ್ಟದ ಮೇಲಿದ್ದ ನನ್ನ ಟಾಮಿಯಾ ಹಾರ್ನೆಟ್ ಕಾರನ್ನು ಮೊನ್ನೆ ಕೆಳಗಿಳಿಸಿದೆ. ಬ್ಯಾಟರಿಯ ತುದಿಯಲ್ಲಿ ಬಿಳಿ ಪುಡಿ ಕಟ್ಟಿಕೊಂಡಿದೆ, ಚಕ್ರಗಳು ಕಷ್ಟಪಟ್ಟು ತಿರುಗುತ್ತವೆ. ಹೊಸ ಬ್ಯಾಟರಿ ಹಾಕಿ ಓಡಿಸಿ ನೋಡಬಹುದೇ?
— ನಿವೃತ್ತ ಬ್ಯಾಂಕ್ ನೌಕರರು

ಉತ್ತರ: ದಯವಿಟ್ಟು ಈಗಲೇ ಬೇಡ. ಗಟ್ಟಿಯಾದ ಗ್ರೀಸಿನ ವಿರುದ್ಧ ಮೋಟಾರು ತಿಣುಕಿದರೆ ಮೊದಲು ಸವೆಯುವುದು ಗೇರಿನ ಹಲ್ಲುಗಳು, ಆಮೇಲೆ ಸುಡುವುದು ಮೋಟಾರು.

ಹಳೆಯ ಬ್ಯಾಟರಿಯನ್ನು ಮೊದಲು ಹೊರಗೆ ತೆಗೆಯಿರಿ. ಆ ಕಾಲದ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯಿಂದ ಸೋರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅಂದರೆ ಕ್ಷಾರ. ನಿಜವಾದ ಕಾರಿನ ಬ್ಯಾಟರಿಯ ಆಮ್ಲಕ್ಕೆ ಅಡುಗೆ ಸೋಡ ಹಾಕುವ ಅಭ್ಯಾಸದಿಂದ ಹಲವರು ಇಲ್ಲಿಯೂ ಸೋಡವನ್ನೇ ಹಚ್ಚುತ್ತಾರೆ. ಕ್ಷಾರಕ್ಕೆ ಅದು ಉಪಯೋಗವಿಲ್ಲ. ಇಲ್ಲಿ ಬೇಕಾದದ್ದು ಸೌಮ್ಯವಾದ ಹುಳಿ. ಕೈಗವಸು ಮತ್ತು ಕನ್ನಡಕ ಧರಿಸಿ, ಹತ್ತಿಯ ಕಡ್ಡಿಯನ್ನು ವಿನೆಗರಿನಲ್ಲೋ ನಿಂಬೆರಸದಲ್ಲೋ ಅದ್ದಿ ಪುಡಿಯನ್ನು ಒರೆಸಿ, ನಂತರ ನೀರಿನಿಂದ, ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಸ್ವಚ್ಛಗೊಳಿಸಿ. ಕನೆಕ್ಟರಿನ ಹಿಂದಿನ ವೈರನ್ನು ಸ್ವಲ್ಪ ಸುಲಿದು ನೋಡಿ: ಒಳಗಿನ ತಾಮ್ರ ಕಪ್ಪಾಗಿದ್ದರೆ ಕಿಲುಬು ಹೊದಿಕೆಯ ಅಡಿಯಲ್ಲೇ ಹರಿದಿದೆ ಎಂದರ್ಥ. ಹೊಳೆಯುವ ತಾಮ್ರ ಸಿಗುವವರೆಗೂ ವೈರನ್ನು ಕತ್ತರಿಸಬೇಕು, ಏಕೆಂದರೆ ಕಪ್ಪಾದ ತಾಮ್ರಕ್ಕೆ ಸೋಲ್ಡರ್ ಹಿಡಿಯುವುದಿಲ್ಲ. ಬ್ಯಾಟರಿಯನ್ನು ಮಾತ್ರ ಬಿಚ್ಚಲು ಹೋಗಬೇಡಿ. ಕ್ಯಾಡ್ಮಿಯಂ ವಿಷ, ಅದನ್ನು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.

ಮುಂದಿನದು ಸ್ಕ್ರೂಗಳು. ಟಾಮಿಯಾ ಜಪಾನಿನ ಕಂಪನಿಯಾದುದರಿಂದ ಅದರ ಸ್ಕ್ರೂಗಳ ತಲೆಯಲ್ಲಿರುವ ಕೂಡುಗೆರೆ ಜೆಐಎಸ್ (ಜಪಾನಿನ ಕೈಗಾರಿಕಾ ಮಾನದಂಡ) ಅಳತೆಯದು. ನೋಡಲು ಸಾಮಾನ್ಯ ಫಿಲಿಪ್ಸ್‌ನಂತೆಯೇ ಇರುತ್ತದೆ, ಆದರೆ ಫಿಲಿಪ್ಸ್ ಸ್ಕ್ರೂಡ್ರೈವರಿನ ತುದಿ ಅದರ ತಳವನ್ನು ಸರಿಯಾಗಿ ಮುಟ್ಟದೆ, ಒತ್ತಡ ಹೆಚ್ಚಾದೊಡನೆ ಜಾರಿ ಮೇಲೇಳುತ್ತದೆ. ಎರಡು ಮೂರು ಸಲ ಹೀಗೆ ಜಾರಿದರೆ ತಲೆ ಉರುಟಾಗಿ ಸ್ಕ್ರೂ ಅಲ್ಲೇ ಉಳಿದುಬಿಡುತ್ತದೆ. ಜೆಐಎಸ್ ತುದಿಯ ಸ್ಕ್ರೂಡ್ರೈವರ್ ಒಂದನ್ನು ತರಿಸಿಕೊಳ್ಳುವುದು ಹೊಸ ಮೋಟಾರಿಗಿಂತ ಮೊದಲ ಖರ್ಚಾಗಬೇಕು ಎಂಬುದು ನನ್ನ ಅಭಿಪ್ರಾಯ. ಮರಳಿ ಜೋಡಿಸುವಾಗ ಇನ್ನೊಂದು ಸೂಕ್ಷ್ಮವಿದೆ. ಪ್ಲಾಸ್ಟಿಕ್ಕಿನಲ್ಲಿ ತಾನೇ ದಾರಿ ಕೊರೆದುಕೊಂಡ ಸ್ಕ್ರೂವನ್ನು ಹಳೆಯ ತೂತಿನಲ್ಲಿಟ್ಟು, ಒತ್ತದೆ ಮೊದಲು ಎಡಕ್ಕೆ, ಅಂದರೆ ಬಿಚ್ಚುವ ದಿಕ್ಕಿಗೆ ತಿರುಗಿಸಿ. ಒಂದು ಸುತ್ತಿನೊಳಗೆ ಅದು ‘ಟಕ್’ ಎಂದು ಸ್ವಲ್ಪ ಕೆಳಕ್ಕೆ ಇಳಿದದ್ದು ಬೆರಳಿಗೆ ತಿಳಿಯುತ್ತದೆ. ಹಳೆಯ ಮರೆ, ಅಂದರೆ ಸ್ಕ್ರೂ ಕೊರೆದ ಸುರುಳಿ ದಾರಿ, ಸಿಕ್ಕಿದ ಗುರುತು ಅದು. ಅಲ್ಲಿಂದ ಬಲಕ್ಕೆ ತಿರುಗಿಸಿದರೆ ಸ್ಕ್ರೂ ಹೊಸ ದಾರಿ ಕೊರೆಯದೆ ಹಳೆಯದರಲ್ಲೇ ಹೋಗುತ್ತದೆ.

ಗೇರ್‌ಬಾಕ್ಸನ್ನು ಬಿಚ್ಚಿದರೆ ಗ್ರೀಸು ಸೋಪಿನ ಚೂರಿನಂತೆ ಗಟ್ಟಿಯಾಗಿರುವುದನ್ನು ನೋಡುವಿರಿ. ಅದನ್ನು ಕೆರೆದು ತೆಗೆದು, ಪ್ಲಾಸ್ಟಿಕ್ ಭಾಗಗಳನ್ನು ಪಾತ್ರೆ ತೊಳೆಯುವ ದ್ರಾವಣ ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ. ನೈಲಾನ್ ಭಾಗಗಳು ವರ್ಷಗಳ ಒಣಹವೆಯಲ್ಲಿ ತೇವ ಕಳೆದುಕೊಂಡು ಪೆಡಸಾಗುತ್ತವೆ. ಅವನ್ನು ಬಿಸಿನೀರಿನಲ್ಲಿ ನೆನೆಹಾಕಿದರೆ ಒಂದಿಷ್ಟು ಬಾಗುವ ಗುಣ ಮರಳುತ್ತದೆ. ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಭಾಗಗಳಿಗೆ ಈ ಉಪಚಾರ ಬೇಡ, ಕುದಿಯುವ ನೀರಿನಲ್ಲಿ ಅವು ಸೊಟ್ಟಗಾಗುತ್ತವೆ. ಅಚ್ಚುಗಳನ್ನು ಹೊತ್ತ ಉಂಗುರದಂಥ ಬುಶ್‌ಗಳ ಜಾಗದಲ್ಲಿ ಅದೇ ಅಳತೆಯ ಬಾಲ್ ಬೇರಿಂಗ್ ಹಾಕಿ. ಟಾಮಿಯಾ ಕಾರುಗಳಲ್ಲಿ ಹೆಚ್ಚಾಗಿ ಬರುವುದು ‘1150’ ಎಂದು ಕರೆಯುವ, 11 ಮಿ.ಮೀ. ಹೊರವ್ಯಾಸ, 5 ಮಿ.ಮೀ. ಒಳವ್ಯಾಸದ ಬೇರಿಂಗ್.

ಹಾರ್ನೆಟ್ ಮೊದಲು ಬಂದದ್ದು 1984ರಲ್ಲಿ. 2004ರಲ್ಲಿ ಕಂಪನಿಯೇ ಅದನ್ನು ಮತ್ತೆ ಹೊರತಂದಿತಾದ್ದರಿಂದ ಟೈರು, ಗೇರು, ಬಾಡಿ ಮುಂತಾದ ಬಿಡಿಭಾಗಗಳ ಚಿಂತೆ ನಿಮಗಿಲ್ಲ. ಮೂಲದ ಯಾಂತ್ರಿಕ ಸ್ಪೀಡ್ ಕಂಟ್ರೋಲರ್ ಹೆಚ್ಚುವರಿ ವಿದ್ಯುತ್ತನ್ನು ರೆಸಿಸ್ಟರಿನಲ್ಲಿ ಶಾಖವಾಗಿ ಸುಡುವಂಥದು. ಅದನ್ನೂ ಆವರ್ತನ ಗೊತ್ತುಪಡಿಸುವ ಕ್ರಿಸ್ಟಲ್ ಸಹಿತದ ಹಳೆಯ ರೇಡಿಯೊವನ್ನೂ ಒಂದು ಡಬ್ಬಿಯಲ್ಲಿ ಜೋಪಾನವಾಗಿಟ್ಟು, ಓಡಿಸಲು ಎಲೆಕ್ಟ್ರಾನಿಕ್ ಕಂಟ್ರೋಲರ್ ಮತ್ತು 2.4 ಗಿಗಾಹರ್ಟ್ಸ್ ರೇಡಿಯೊ ಬಳಸಿ. ಮೂಲದ ಒಂದು ಸ್ಕ್ರೂ ಕೂಡ ಬದಲಾಗಬಾರದೆನ್ನುವ ಸಂಗ್ರಾಹಕರು ಇದಕ್ಕೆ ಒಪ್ಪಲಾರರು, ಅವರ ವಾದದಲ್ಲೂ ಹುರುಳಿದೆ. ಆದರೆ ನೀವು ಕೇಳಿದ್ದು ಓಡಿಸುವ ಬಗ್ಗೆ.

ಪ್ರಶ್ನೆ: ಸ್ಕ್ರೂಗಳು ಸಡಿಲವಾಗಬಾರದೆಂದು ಎಲ್ಲ ಕಡೆಯೂ ಥ್ರೆಡ್‌ಲಾಕ್ (ಸ್ಕ್ರೂವನ್ನು ಹಿಡಿದಿಡುವ ಅಂಟು) ಹಚ್ಚಿದೆ. ಒಂದು ವಾರದಲ್ಲಿ ಮುಂಬದಿಯ ಎರಡು ಪ್ಲಾಸ್ಟಿಕ್ ಭಾಗಗಳು ತಾವಾಗಿಯೇ ಬಿರುಕುಬಿಟ್ಟಿವೆ. ಕಿಟ್ಟೇ ದೋಷದ್ದೇ?
— ಪಿಯುಸಿ ವಿದ್ಯಾರ್ಥಿ

ಉತ್ತರ: ದೋಷ ಕಿಟ್ಟಿನದಲ್ಲ. ಥ್ರೆಡ್‌ಲಾಕ್ ಲೋಹ ಲೋಹವನ್ನು ಸೇರುವ ಕಡೆಗಷ್ಟೇ. ಎಬಿಎಸ್, ಪಾಲಿಕಾರ್ಬೊನೇಟ್‌ಗಳಂಥ ಪ್ಲಾಸ್ಟಿಕ್‌ಗಳನ್ನು ಅದು ಒಳಗೊಳಗೇ ತಿಂದು ಬಿರುಕು ಬಿಡಿಸುತ್ತದೆ. ಇದೇ ತಪ್ಪನ್ನು ಮಾಡಿ ಬಾಡಿ ನಿಲ್ಲಿಸುವ ಕಂಬವೊಂದನ್ನು ನಾನೂ ಕಳೆದುಕೊಂಡಿದ್ದೇನೆ.

ಪ್ರಶ್ನೆ: ಟಾಮಿಯಾದ ನನ್ನ ಟಿಟಿ-02 ಕಾರಿನಲ್ಲಿ ಕಿಟ್ ಜೊತೆ ಬಂದ ಮೋಟಾರನ್ನು ತೆಗೆದು ವೇಗದ ಮೋಟಾರು ಹಾಕಿದೆ, ಜೊತೆಗೆ ಪಿನಿಯನ್ನನ್ನೂ (ಮೋಟಾರಿಗೆ ಕೂಡಿಸುವ ಚಿಕ್ಕ ಗೇರು) 22 ಹಲ್ಲಿನಿಂದ 25ಕ್ಕೆ ಏರಿಸಿದೆ. ಐದು ನಿಮಿಷದಲ್ಲಿ ಮೋಟಾರನ್ನು ಮುಟ್ಟಲಾಗದಷ್ಟು ಕಾಯುತ್ತದೆ. ಫ್ಯಾನ್ ಹಾಕಿಸಿದರೆ ಸಾಕೇ?
— ಎಂಜಿನಿಯರಿಂಗ್ ವಿದ್ಯಾರ್ಥಿನಿ

ಉತ್ತರ: ಫ್ಯಾನ್ ಜ್ವರ ಇಳಿಸುತ್ತದೆ, ರೋಗವನ್ನು ಗುಣಪಡಿಸುವುದಿಲ್ಲ. ಲೆಕ್ಕ ಹಾಕಿ ನೋಡೋಣ. ನಿಮ್ಮ ಕಾರಿನ ಸ್ಪರ್ ಗೇರಿಗೆ, ಅಂದರೆ ಪಿನಿಯನ್ ತಿರುಗಿಸುವ ದೊಡ್ಡ ಗೇರಿಗೆ, 70 ಹಲ್ಲು, ಗೇರ್‌ಬಾಕ್ಸಿನೊಳಗಿನ ಅನುಪಾತ 2.6. ಹಾಗಾಗಿ 22 ಹಲ್ಲಿನ ಪಿನಿಯನ್ ಇದ್ದಾಗ 70ನ್ನು 22ರಿಂದ ಭಾಗಿಸಿ 2.6ರಿಂದ ಗುಣಿಸಿದರೆ 8.27 ಬರುತ್ತದೆ; ಅಂದರೆ ಚಕ್ರ ಒಂದು ಸುತ್ತು ತಿರುಗಲು ಮೋಟಾರು ಎಂಟೂಕಾಲು ಸುತ್ತು ತಿರುಗಬೇಕು. ಪಿನಿಯನ್ 25 ಆದಾಗ ಆ ಸಂಖ್ಯೆ 7.28ಕ್ಕೆ ಇಳಿಯುತ್ತದೆ. ಕಾರನ್ನು ಎಳೆಯಲು ಮೋಟಾರಿಗೆ ಸಿಗುತ್ತಿದ್ದ ಅನುಕೂಲವನ್ನು ನೀವು ಹೀಗೆ ಕಿತ್ತುಕೊಂಡಿದ್ದೀರಿ. ವೇಗದ ಮೋಟಾರಿಗೆ ವಾಸ್ತವವಾಗಿ ಬೇಕಾದದ್ದು ಇದರ ವಿರುದ್ಧ, ಅಂದರೆ ಇನ್ನೂ ಚಿಕ್ಕ ಪಿನಿಯನ್. ಮೋಟಾರನ್ನೂ ಗೇರನ್ನೂ ಒಟ್ಟಿಗೆ ಬದಲಿಸಿದ್ದರಿಂದ ಶಾಖದಲ್ಲಿ ಯಾವುದರ ಪಾಲೆಷ್ಟೆಂದು ಈಗ ಹೇಳುವಂತಿಲ್ಲ, ಆದ್ದರಿಂದ ಮೊದಲು ಪಿನಿಯನ್ನನ್ನು 22ಕ್ಕೇ ಇಳಿಸಿ.

ಅದಕ್ಕೂ ಮುಂಚೆ ಮೋಟಾರನ್ನು ಪೂರ್ತಿ ಹೊರತೆಗೆದು, ಕಾರನ್ನು ಎತ್ತಿ ಹಿಡಿದು ಚಕ್ರವನ್ನು ಬೆರಳಿನಿಂದ ತಿರುಗಿಸಿ ಬಿಡಿ. ತಕ್ಷಣ ನಿಂತರೆ ಎಲ್ಲೋ ಒಂದು ಅಚ್ಚು ಬಿಗಿಯಾಗಿದೆ ಅಥವಾ ಬುಶ್ ಹಿಡಿಯುತ್ತಿದೆ. ಈ ಪರೀಕ್ಷೆಗೆ ಅರ್ಧ ನಿಮಿಷ ಸಾಕು, ಆದರೂ ಇದನ್ನು ಮಾಡುವವರು ಕಡಿಮೆ. ಪಿನಿಯನ್ ಮತ್ತು ಸ್ಪರ್ ಗೇರುಗಳ ನಡುವಿನ ಸಂದನ್ನೂ ನೋಡಿ. ಮೋಟಾರಿನ ಜಾಗವನ್ನು ಜಾರಿಸಿ ಹೊಂದಿಸಬಹುದಾದ ಕಾರುಗಳಲ್ಲಿ ಎರಡು ಗೇರುಗಳ ನಡುವೆ ತೆಳುವಾದ ಕಾಗದದ ಪಟ್ಟಿಯನ್ನು ಸೇರಿಸಿ, ಮೋಟಾರನ್ನು ಒತ್ತಿ ಸ್ಕ್ರೂ ಬಿಗಿದು, ಆಮೇಲೆ ಕಾಗದವನ್ನು ಉರುಳಿಸಿ ತೆಗೆಯುತ್ತಾರೆ. ಕಾಗದದ ಮೇಲೆ ಮಡಿಕೆಗಳು ಮೂಡಿದ್ದು ಅದು ಹರಿಯದೆ ಬಂದರೆ ಸಂದು ಸರಿಯಾಗಿದೆ. ಟಿಟಿ-02ರಲ್ಲಿ ಮೋಟಾರಿನ ಸ್ಥಾನ ಹಲ್ಲುಗಳ ಲೆಕ್ಕಕ್ಕೆ ಗೊತ್ತುಪಡಿಸಿದ ತೂತುಗಳದು, ಆದ್ದರಿಂದ ಕೈಪಿಡಿಯಲ್ಲಿ ಹೇಳಿದ ತೂತನ್ನೇ ಬಳಸಿದ್ದೀರಾ ಎಂದು ಖಚಿತಪಡಿಸಿಕೊಂಡರೆ ಸಾಕು.

ಇದೆಲ್ಲ ಆದ ಮೇಲೆ ಎರಡು ಮೂರು ನಿಮಿಷ ಓಡಿಸಿ, ಇನ್‌ಫ್ರಾರೆಡ್ ಥರ್ಮಾಮೀಟರಿನಲ್ಲಿ ಮೋಟಾರಿನ ಶಾಖ ಅಳೆಯಿರಿ. 60ರಿಂದ 70 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ನೆಮ್ಮದಿ. 80 ದಾಟಿದರೆ ನಿಲ್ಲಿಸಿ. ಅತಿಯಾದ ಶಾಖದಿಂದ ಆಯಸ್ಕಾಂತಗಳ ಬಲ ಕುಂದಿದರೆ ಅದು ಮರಳಿ ಬರುವುದಿಲ್ಲ.

ಪ್ರಶ್ನೆ: ನನ್ನ ಟೂರಿಂಗ್ ಕಾರು ಎಡಕ್ಕೆ ತಿರುಗಿಸಿದರೆ ಗಿರಕಿ ಹೊಡೆಯುತ್ತದೆ, ಬಲಕ್ಕೆ ತಿರುಗಿಸಿದರೆ ಅಗಲವಾಗಿ ಹೊರಗೆ ಹೋಗುತ್ತದೆ. ಕ್ಯಾಂಬರ್ (ಚಕ್ರದ ಒಳ-ಹೊರ ವಾಲು), ಟೋ (ಚಕ್ರದ ಮುಂತುದಿಯ ಒಳ-ಹೊರ ತಿರುವು), ಶಾಕ್ ಅಬ್ಸಾರ್ಬರಿನ ಎಣ್ಣೆ, ಸ್ಪ್ರಿಂಗ್ ಎಲ್ಲವನ್ನೂ ಒಂದೇ ದಿನ ಬದಲಿಸಿ ನೋಡಿದೆ, ಇನ್ನೂ ಹದಗೆಟ್ಟಿತು.
— ರೇಸಿಂಗ್ ಕಲಿಯುತ್ತಿರುವ ಓದುಗರು

ಉತ್ತರ: ಎರಡು ಬದಿಗೆ ಎರಡು ನಡತೆ ಎಂದ ಮೇಲೆ ಅನುಮಾನ ಮೊದಲು ಹೋಗಬೇಕಾದದ್ದು ಸೆಟಪ್ಪಿನ ಮೇಲಲ್ಲ, ಚಾಸಿಸ್ಸಿನ, ಅಂದರೆ ಕಾರಿನ ತಳದ ಚೌಕಟ್ಟಿನ, ತಿರುಚಿನ ಮೇಲೆ. ಬದಲಿಸಿದ್ದನ್ನೆಲ್ಲ ಕೈಪಿಡಿಯ ಅಳತೆಗೆ ಮರಳಿಸಿ, ಕಾರನ್ನು ಒಂದು ದಪ್ಪ ಗಾಜಿನ ಹಲಗೆಯ ಮೇಲಿಡಿ. ಮುಂಬದಿಯ ಸರಿಯಾದ ಮಧ್ಯಕ್ಕೆ ಚಾಕುವಿನ ಮೊನೆಯನ್ನು ತೂರಿಸಿ ಮೆಲ್ಲಗೆ ಮೇಲೆತ್ತಿ. ಕಣ್ಣು ಗಾಜಿನ ಮಟ್ಟಕ್ಕೆ ಇರಲಿ. ಎರಡೂ ಚಕ್ರಗಳು ಒಂದೇ ಕ್ಷಣದಲ್ಲಿ ಗಾಜನ್ನು ಬಿಡಬೇಕು. ಒಂದು ಮೊದಲೇ ಎದ್ದು ಇನ್ನೊಂದು ಅಂಟಿಕೊಂಡಿದ್ದರೆ ಹಿಂಬದಿಯ ಸ್ಪ್ರಿಂಗ್‌ಗಳ ಒತ್ತಡ ಎಡಬಲಗಳಲ್ಲಿ ಸಮನಾಗಿಲ್ಲ, ಇಲ್ಲವೇ ಚಾಸಿಸ್ಸೇ ತಿರುಚಿಕೊಂಡಿದೆ. ಚಾಸಿಸ್ಸಿನ ಮೇಲಿನ ಹಲಗೆಯ ಸ್ಕ್ರೂಗಳನ್ನೆಲ್ಲ ಸಡಿಲಿಸಿ, ಚಾಸಿಸ್ಸನ್ನು ಗಾಜಿಗೆ ಒತ್ತಿಹಿಡಿದು, ಮೂಲೆಯಿಂದ ಎದುರು ಮೂಲೆಗೆ ಒಂದೊಂದಾಗಿ ಬಿಗಿಯುತ್ತ ಬಂದರೆ ಎಷ್ಟೋ ತಿರುಚುಗಳು ಅಷ್ಟಕ್ಕೇ ಬಿಟ್ಟುಹೋಗುತ್ತವೆ. ಹಿಂಬದಿಗೂ ಇದೇ ಪರೀಕ್ಷೆ ಮಾಡಿ.

ನಂತರ ಶಾಕ್‌ಗಳು. ನಾಲ್ಕನ್ನೂ ಬಿಚ್ಚಿ, ಜೋಡಿಗಳ ಉದ್ದ ಸಮವಿದೆಯೇ ನೋಡಿ. ಎಣ್ಣೆ ತುಂಬಿಸಿದ ಮೇಲೆ ಪಿಸ್ಟನ್ನನ್ನು ಬಹಳ ನಿಧಾನವಾಗಿ ಮೇಲೆ ಕೆಳಗೆ ಆಡಿಸಿದರೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಎಣ್ಣೆಯ ಮೇಲೆ ಬಂದು ಸೇರುತ್ತವೆ. ಅವು ಒಡೆದು ಹೋಗುವವರೆಗೆ ಕಾಯಬೇಕು; ಅವಸರಪಟ್ಟು ಮುಚ್ಚಳ ಹಾಕಿದರೆ ಗಾಳಿ ಒಳಗೇ ಉಳಿದು, ಆ ಮೂಲೆಯ ಶಾಕ್ ಒತ್ತುವಾಗ ‘ಪಿಚ್ ಪಿಚ್’ ಎಂದು ಸದ್ದು ಮಾಡುತ್ತದೆ. ಒಂದೇ ಬಾಟಲಿಯ ಎಣ್ಣೆಯನ್ನು ಎಡಬಲಗಳೆರಡಕ್ಕೂ ಬಳಸಿ. ಸಿಲಿಕೋನ್ ಎಣ್ಣೆಯ ಮೇಲಿನ ಸಂಖ್ಯೆ ದೊಡ್ಡದಾದಷ್ಟೂ ಎಣ್ಣೆ ಮಂದ.

ಕಾರು ಎರಡೂ ಕಡೆ ಒಂದೇ ರೀತಿ ತಿರುಗತೊಡಗಿದ ಮೇಲಷ್ಟೇ ಹದ ಮಾಡುವ ಮಾತು. ಹಿಂಬದಿ ಜಾರಿದರೆ ಹಿಂದಿನ ಸ್ಪ್ರಿಂಗನ್ನು ಒಂದು ಮೆಟ್ಟಿಲು ಮೆದು ಮಾಡಿ, ಐದು ಸುತ್ತು ಓಡಿಸಿ, ಬರೆದಿಟ್ಟುಕೊಳ್ಳಿ. ಕ್ಯಾಂಬರನ್ನು ಒಳಮುಖವಾಗಿ ಒಂದರಿಂದ ಎರಡು ಡಿಗ್ರಿಯ ನಡುವೆ ಬಿಟ್ಟು ಅತ್ತಿತ್ತ ಒಯ್ಯುವ ಅಗತ್ಯ ಆರಂಭದಲ್ಲಿ ಬಾರದು. ಒಂದು ಬದಲಾವಣೆ, ಒಂದು ಓಟ: ಬೇಸರ ತರಿಸುವ ಕ್ರಮ ನಿಜ, ಆದರೆ ನೀವು ಒಂದೇ ದಿನದಲ್ಲಿ ನಾಲ್ಕು ಬದಲಿಸಿ ಕಲಿತದ್ದೇನೆಂದು ನಿಮ್ಮ ಪತ್ರವೇ ಹೇಳುತ್ತಿದೆ.

ಪ್ರಶ್ನೆ: ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ ಎರಡು ತಿಂಗಳು ಇಟ್ಟಿದ್ದೆ, ಈಗ ದಿಂಬಿನಂತೆ ಊದಿಕೊಂಡಿದೆ. ಹಳೆಯ ಕಾರಿನಲ್ಲಿ ನಿಧಾನವಾಗಿ ಬಳಸಬಹುದೇ?
— ಗೃಹಿಣಿ, ಮಗನ ಪರವಾಗಿ

ಉತ್ತರ: ಬಳಸಬೇಡಿ, ಚಾರ್ಜಿಗೂ ಹಾಕಬೇಡಿ. ಊದಿದ ಲಿಪೊ ಒಳಗೆ ಅನಿಲ ತುಂಬಿಕೊಂಡಿರುತ್ತದೆ, ಬೆಂಕಿ ಹತ್ತುವ ಅಪಾಯವಿದೆ. ಮನೆಯ ಹೊರಗೆ, ಉರಿಯುವ ವಸ್ತುಗಳಿಂದ ದೂರವಿಟ್ಟು ಬ್ಯಾಟರಿ ತ್ಯಾಜ್ಯ ಪಡೆಯುವವರಿಗೆ ಒಪ್ಪಿಸಿ. ಮುಂದಿನ ಬ್ಯಾಟರಿಗೆ ಮೂರು ಸಂಖ್ಯೆಗಳನ್ನು ಮಗನಿಗೆ ಹೇಳಿಕೊಡಿ: ಪ್ರತಿ ಸೆಲ್ ತುಂಬಿದಾಗ 4.2 ವೋಲ್ಟ್, 3.0ಕ್ಕಿಂತ ಕೆಳಗೆ ಇಳಿಯಲೇಬಾರದು, ಎತ್ತಿಡುವಾಗ ಸುಮಾರು 3.8. ಚಾರ್ಜರಿನಲ್ಲಿ ‘ಸ್ಟೋರೇಜ್’ ಎಂಬ ಆಯ್ಕೆ ಇರುವುದು ಈ ಕೊನೆಯ ಕೆಲಸಕ್ಕೇ. 5000 ಎಂಎಎಚ್ ಬ್ಯಾಟರಿಗೆ 5 ಆಂಪಿಯರ್ ಚಾರ್ಜ್ ಸಾಕು. ಹಳೆಯ ಕಾರು ಎಂದಿರಿ. ಅದರಲ್ಲಿ ಯಾಂತ್ರಿಕ ಸ್ಪೀಡ್ ಕಂಟ್ರೋಲರ್ ಇದ್ದರೆ ವೋಲ್ಟೇಜ್ ಇಳಿದಾಗ ತಡೆಯುವ ವ್ಯವಸ್ಥೆಯೇ ಇರುವುದಿಲ್ಲ, ಹೊಸ ಲಿಪೊ ಕೂಡ ಅದರಲ್ಲಿ ಒಂದೇ ಓಟಕ್ಕೆ ಸಾಯಬಹುದು. ಅಂಥ ಕಾರಿಗೆ 7.2 ವೋಲ್ಟಿನ ನಿಕಲ್-ಮೆಟಲ್ ಹೈಡ್ರೈಡ್ ಬ್ಯಾಟರಿಯೇ ಸರಿ.

ಪ್ರಶ್ನೆ: ಪಾರದರ್ಶಕ ಬಾಡಿಗೆ ಬಣ್ಣ ಹೊಡೆದೆ, ಮೊದಲ ಓಟದಲ್ಲೇ ಕೆರೆದುಹೋಯಿತು.
— ಹೊಸ ಹವ್ಯಾಸಿ

ಉತ್ತರ: ಪಾಲಿಕಾರ್ಬೊನೇಟ್ ಬಾಡಿಗೆ ಬಣ್ಣವನ್ನು ಒಳಗಿನಿಂದ ಹೊಡೆಯಬೇಕು, ಹೊರಮೈಯ ಪ್ಲಾಸ್ಟಿಕ್ಕೇ ಬಣ್ಣದ ಕವಚವಾಗುತ್ತದೆ. ಬಣ್ಣವೂ ಪಾಲಿಕಾರ್ಬೊನೇಟಿಗೆಂದೇ ತಯಾರಾದದ್ದಿರಬೇಕು, ಬೇರೆ ಬಣ್ಣ ಬಾಡಿ ಬಾಗಿದಾಗ ಹಪ್ಪಳದಂತೆ ಎದ್ದುಬರುತ್ತದೆ. ಒಳಮೈಯನ್ನು ಸೋಪಿನಿಂದ ತೊಳೆದು ಒಣಗಿಸಿದ ಮೇಲೆ ಬೆರಳು ತಾಗಿಸಬೇಡಿ. ಗಾಢ ಬಣ್ಣ ಮೊದಲು, ತಿಳಿಬಣ್ಣ ಆಮೇಲೆ, ಕೊನೆಗೆ ಹಿಂದಿನಿಂದ ಬಿಳಿಯ ಪದರ. ಈಗಿನ ಬಾಡಿಯನ್ನು ಅಭ್ಯಾಸಕ್ಕೆ ಇಟ್ಟುಕೊಳ್ಳಿ.

ಪ್ರಶ್ನೆ: 1/10 ಅಳತೆಯ ಕಾರು ಗಂಟೆಗೆ 40 ಕಿ.ಮೀ. ಓಡಿದರೆ ನಿಜವಾದ ಕಾರಿನ 400 ಕಿ.ಮೀ.ಗೆ ಸಮ ಎನ್ನುತ್ತಾರೆ, ಸರಿಯೇ?
— ಪ್ರೌಢಶಾಲಾ ಶಿಕ್ಷಕರು

ಉತ್ತರ: ಉದ್ದದ ಲೆಕ್ಕದಲ್ಲಿ ಸರಿ, ಏಕೆಂದರೆ ಒಂದು ಸೆಕೆಂಡಿನಲ್ಲಿ ತನ್ನ ಉದ್ದದ ಎಷ್ಟು ಪಟ್ಟು ದೂರ ಓಡಿತು ಎಂಬುದನ್ನು ಹೋಲಿಸಲು ವೇಗವನ್ನು ಹತ್ತರಿಂದ ಗುಣಿಸಿದರೆ ಸಾಕು. ಆದರೆ ಗುರುತ್ವಾಕರ್ಷಣೆ ಮಾದರಿ ಕಾರಿಗೆಂದು ಹತ್ತು ಪಟ್ಟು ಕುಗ್ಗುವುದಿಲ್ಲ. ನಿಜವಾದ ಕಾರು 1 ಮೀಟರ್ ಎತ್ತರದಿಂದ ಬೀಳಲು ಸುಮಾರು 0.45 ಸೆಕೆಂಡು ಬೇಕು. ಮಾದರಿ ಕಾರು ತನ್ನ ಅಳತೆಯ 10 ಸೆಂ.ಮೀ.ನಿಂದ ಬೀಳುವುದು 0.14 ಸೆಕೆಂಡಿನಲ್ಲಿ. ಗುಂಡಿಯ ಮೇಲೆ ಅದು ಆಟಿಕೆಯಂತೆ ಪುಟಪುಟನೆ ನೆಗೆಯುವುದು ಇದರಿಂದಲೇ. ನೆಗೆತ, ವಾಲುವಿಕೆಗಳ ದೃಷ್ಟಿಯಿಂದ ಹೋಲಿಸಬೇಕಾದರೆ ಹತ್ತರ ವರ್ಗಮೂಲ, ಅಂದರೆ 3.16ರಿಂದ ಗುಣಿಸಬೇಕು, ಆಗ ನಿಮ್ಮ 40 ಕಿ.ಮೀ. ಸುಮಾರು 126 ಆಗುತ್ತದೆ. ತರಗತಿಯಲ್ಲಿ ತೋರಿಸುವುದಾದರೆ ಕಾರು ದಿಬ್ಬ ಹಾರುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ, ವೇಗವನ್ನು ಮೂರನೇ ಒಂದು ಭಾಗಕ್ಕೆ ಇಳಿಸಿ ಓಡಿಸಿ: ಒಂದೂವರೆ ಕಿಲೊ ತೂಗುವ ಕಾರು ಒಂದೂವರೆ ಟನ್ನಿನದೇನೋ ಎಂಬಂತೆ ಸಾವಕಾಶವಾಗಿ ನೆಲಕ್ಕಿಳಿಯುತ್ತದೆ.